ಕಾರಣ: ಆನೆ

ಮೊನ್ನೆ ಬೆಳಿಗ್ಗೆ ಆಸ್ಪತ್ರೆಯ ಗೇಟು ದಾಟುವಾಗ ಹಸಿ ಲದ್ದಿಯ ವಾಸನೆ ಬಂತು. ಹುಳಿ ಹತ್ತಿದ ಹಲಸಿನ ಹಣ್ಣಿಗೆ ಒದ್ದೆ ಹುಲ್ಲು ಬೆರೆಸಿದಂಥ ವಾಸನೆ. ಕಾಂಪೌಂಡಿನ ಆಚೆ ಹಲಸಿನ ಮರದ ಕೆಳಗೆ ಆನೆ ನಿಂತು, ಹೊಟ್ಟೆ ತುಂಬಿಸಿಕೊಂಡು ಹೋಗಿತ್ತು. ವಾಚ್‌ಮನ್ ಅದನ್ನು ತೋರಿಸಿ ಏನೋ ಹೇಳುತ್ತಿದ್ದ, ನನ್ನ ಕಿವಿಗೆ ಬೀಳಲಿಲ್ಲ. ಮನಸ್ಸಿನಲ್ಲಿ ನಾನಾಗಲೇ ಒಂದು ಹಳೇ ಜೀಪಿನ ಮುಂದಿನ ಸೀಟಿನಲ್ಲಿದ್ದೆ. ಪಕ್ಕದಲ್ಲಿ ಜೀಪ್ ಕಾಕ ಎಂಜಿನ್ ಆಫ್ ಮಾಡಿ, ತಲೆ ಹೊರಗೆ ಹಾಕಿ, ಮೂಗರಳಿಸಿ ಗಾಳಿ ಎಳೆಯುತ್ತಿದ್ದರು...

"ಇಲ್ಲೇ ಎಲ್ಲೋ ಐತೆ. ಉಸಿರ್ಬುಡ್ಬೇಡ."

ಅವರು ಮೂಲತಃ ಆನೇಮಹಲಿನವರು. ಮದುವೆಯಾದ ಮೇಲೆ ಆಲೂರಿನಿಂದ ಮೇಲಕ್ಕೆ ಹತ್ತುವ ನಮ್ಮ ರಸ್ತೆಯ ತಿರುವಿನಲ್ಲಿ ಮನೆ ಮಾಡಿ, ಜೀಪು ಓಡಿಸಿಕೊಂಡಿದ್ದರು. ಬೆಳಿಗ್ಗೆ ಕಾಫಿ ಎಸ್ಟೇಟುಗಳಿಗೆ ಆಳುಗಳನ್ನು ಮುಟ್ಟಿಸಿ, ಹಾಗೇ ಕೆಳಗಿಳಿದು ನಮ್ಮಂಥ ಓದುವವರನ್ನು ಆಲೂರಿನ ಬಸ್ಸಿಗೆ ಬಿಡುವುದು ಅವರ ಕೆಲಸ. ಅವರು ಮಸೀದಿಗೆ ಹೋಗುವವರು, ನಾವು ಕೆಂಚಮ್ಮನ ಒಕ್ಕಲು. ರಕ್ತ, ಜಾತಿ, ಕೊಟ್ಟು ತಂದ ನೆಂಟಸ್ತನ, ಯಾವುದೂ ಇರಲಿಲ್ಲ. ಊರಿನ ಮಕ್ಕಳೆಲ್ಲ ಕಾಕ ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ನನಗೆ ಮೆಡಿಕಲ್ ಸೀಟು ಸಿಕ್ಕಿದ ದಿನದಿಂದ ಅವರು ನನ್ನ ಹೆಸರನ್ನೇ ಮರೆತುಬಿಟ್ಟರು. ಅಂದಿನಿಂದ ಡಾಕ್ಟ್ರಮ್ಮ.

ಅಷ್ಟು ದೂರದ ಕಾಲೇಜಿಗೆ ದಿನಾ ಮನೆಯಿಂದ ಓಡಾಡುವ ಹುಚ್ಚು ಯಾಕೆ ಎಂದು ಎಲ್ಲರೂ ಕೇಳುತ್ತಿದ್ದರು. ಅಮ್ಮನಿಗೆ ಪಾರ್ಶ್ವವಾಯು ಹೊಡೆದಿತ್ತು. ಅವಳನ್ನು ಎತ್ತಿ ಮಗ್ಗುಲು ಬದಲಿಸಲು ಅಪ್ಪನ ಜೊತೆಗೆ ಇನ್ನೊಂದು ಜೀವ ಬೇಕಿತ್ತು. ಹಾಗಾಗಿ ಹಾಸ್ಟೆಲ್ ನನಗೆ ಆಗಿಬರುವಂತಿರಲಿಲ್ಲ. ಕಾಲೇಜಿನ ಹೆಸರು ಬೇಡ. ಎಲ್ಲ ಕಾಲೇಜುಗಳದ್ದೂ ಒಂದೇ ಪಾಡು. ಥಿಯರಿಗೆ ನೂರಕ್ಕೆ ಎಪ್ಪತ್ತೈದು, ಪ್ರಾಕ್ಟಿಕಲ್‌ಗೆ ಎಂಬತ್ತು ಹಾಜರಿ ಇರಬೇಕು. ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಕ್ಲಾಸಿಗೆ ಬರುವಾಗಲೂ ಹೋಗುವಾಗಲೂ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು.

ನಿಯಮ ತಪ್ಪು ಎಂದು ನಾನು ಹೇಳುತ್ತಿಲ್ಲ. ವಾರ್ಡಿಗೆ ಹೋಗದೆ, ರೋಗಿಯ ಹೊಟ್ಟೆ ಮುಟ್ಟದೆ ಯಾರೂ ಡಾಕ್ಟರಾಗಲು ಸಾಧ್ಯವಿಲ್ಲ, ಆಗಲೂ ಬಾರದು. ನನ್ನ ಜಗಳ ಬೇರೆ. ಅದನ್ನು ನನಗೆ ಕಲಿಸಿದವರು ಕಾಕ.

ಅವರದೇ ಒಂದು ಹಾಜರಿ ಇತ್ತು. ಪ್ರತಿ ಮನೆಯ ಗೇಟಿನಲ್ಲಿ ಎರಡು ಹಾರ್ನ್. ಆ ಹಾರ್ನೋ, ಗುಡ್ಡದ ಆಚೆಯವರೂ ಎದ್ದು ಕೂರಬೇಕು. ಗೇಟಿಗೆ ಬಂದವರಿಗೆ ಒಂದೇ ಮಾತು, "ಹತ್ತು." ಬಾರದಿದ್ದರೆ ಜೀಪು ಕದಲುತ್ತಿರಲಿಲ್ಲ. ಮನೆಯವರು ಯಾರಾದರೂ ಹೊರಗೆ ಬಂದು, ಜ್ವರ, ನೆಂಟರ ಮನೆ, ಸೋಮಾರಿತನ, ಏನೋ ಒಂದು ಹೇಳಬೇಕು. ಯಾರೂ ಬರದಿದ್ದರೆ ಕಾಕನೇ ಇಳಿದು ಕಾಲುದಾರಿಯಲ್ಲಿ ಹುಡುಕಿಕೊಂಡು ಹೋಗುತ್ತಿದ್ದರು. ನಮ್ಮ ಕಡೆ ಬೆಳಗಿನ ಹೊತ್ತು ಬರಬೇಕಾದವರು ಬರಲಿಲ್ಲವೆಂದರೆ ಸುಮ್ಮನೆ ಕೂರುವಂತಿಲ್ಲ. ಕಾಫಿ ಗಿಡದ ಮರೆಯಲ್ಲಿ ಆನೆ ನಿಂತಿರುತ್ತದೆ. ಮನುಷ್ಯರು ಬಿದ್ದಿರುತ್ತಾರೆ.

ನನಗೆ ಇದರಿಂದ ಮೈ ಉರಿಯುತ್ತಿತ್ತು. ಒಂದು ಬೆಳಿಗ್ಗೆ ಟೆಸ್ಟ್ ಇತ್ತು. ಎಸ್ಟೇಟಿನ ಆಳುಗಳ ಲೈನ್ ಮನೆಯ ಹೆಂಗಸೊಬ್ಬಳು ಬರಲಿಲ್ಲವೆಂದು ಕಾಕ ಇಳಿದು ಹೋದರು. ಅವಳು ಮಲಗಿ ನಿದ್ದೆ ಹೊಡೆಯುತ್ತಿದ್ದಳು. ಎಬ್ಬಿಸಿ, ಬೈದು, ಕರೆತರುವ ಹೊತ್ತಿಗೆ ಬಸ್ಸು ಹೋಗಿತ್ತು. ನಾನು ಜೀಪಿನಲ್ಲೇ ಕೂಗಾಡಿದೆ.

"ನನಗೆ ಆಬ್ಸೆಂಟ್ ಹಾಕ್ತಾರೆ ಕಾಕ! ನಿಮಗೇನು!"

"ಹಾಕಿ?"

"ಹಾಕಿ ಏನು? ಅಷ್ಟೇ."

"ಅಂದ್ರೆ ನೀನು ಯಾಕ್ ಬರ್ನಿಲ್ಲ ಅಂತ ಯಾರೂ ಬಂದು ನೋಡಾಕಿಲ್ವಾ?"

"ನೂರಾರು ಜನ ಇದ್ದೀವಿ. ಯಾರು ನೋಡ್ತಾರೆ?"

ಕಾಕ ಗೇರ್ ಬದಲಿಸುತ್ತ ನಕ್ಕರು. "ಬರ್ದಿದ್ದೋರ್ನ ಹುಡುಕಾಕಿಲ್ಲ ಅಂದ್ಮೇಲೆ ಎಣ್ಸೋದ್ಯಾಕೆ ಮಾರಾಯ್ತಿ?"

ನಾನು ಮುಖ ತಿರುಗಿಸಿ ಕೂತೆ.

ಅವರೇನು ದೇವರಂಥ ಮನುಷ್ಯರಲ್ಲ. ಮೂಗಿನ ತುದಿಯಲ್ಲಿ ಸಿಟ್ಟು. ಜೀಪಿಗೆ ಒಂದು ಗೀರು ಬಿದ್ದರೆ ವಾರಗಟ್ಟಲೆ ಊರನ್ನೆಲ್ಲ ಬೈಯುತ್ತಿದ್ದರು. ರಿವರ್ಸ್ ತೆಗೆಯಲು ಬರುತ್ತಿರಲಿಲ್ಲ, ಬರುವುದಿಲ್ಲವೆಂದು ಒಪ್ಪುತ್ತಲೂ ಇರಲಿಲ್ಲ. ಆದರೆ ನಾನು ಕಾಲೇಜು ತಪ್ಪಿಸಿಕೊಳ್ಳುವಂತಿರಲಿಲ್ಲ. ಸೋನೆ ಮಳೆಯ ಒಂದು ದಿನ ತಲೆನೋವೆಂದು ಮಲಗಿದ್ದಾಗ ಅವರು ಹಾರ್ನ್ ಒತ್ತಿ ಹಿಡಿದು ಬಿಡಲೇ ಇಲ್ಲ. ಹಾಸಿಗೆಯಲ್ಲಿದ್ದ ಅಮ್ಮನೇ ತೊದಲುತ್ತ, "ಹೋಗೇ, ಅವ್ನು ಕಿವಿ ತೂತು ಮಾಡ್ತಾನೆ," ಎಂದಳು.

ಎರಡನೇ ವರ್ಷದಲ್ಲಿ ಆನೆಗಳ ಹಿಂಡು ನಮ್ಮ ರಸ್ತೆಯಲ್ಲೇ ಠಿಕಾಣಿ ಹೂಡಿತು. ಬೆಳಿಗ್ಗೆ ಮೊಬೈಲಿಗೆ ಅರಣ್ಯ ಇಲಾಖೆಯ ಸಂದೇಶ ಬರುವುದು, ಇಂಥ ಕಡೆ ಆನೆ ಇದೆ, ಎಚ್ಚರ ಎಂದು. ಅವು ದಾಟುವವರೆಗೆ ಎಂಜಿನ್ ನಿಲ್ಲಿಸಿ ಕಾಯಬೇಕು. ಅವಸರ ಮಾಡುವಂತಿಲ್ಲ. ಹೀಗೆ ಕಾದು ಕಾದು ನನ್ನ ಹಾಜರಿ ಕರಗುತ್ತ ಬಂತು. ಒಂದು ದಿನ ಕಾಲೇಜು ಮುಟ್ಟುವಷ್ಟರಲ್ಲಿ ಯಂತ್ರ ಮುಚ್ಚಿತ್ತು. ಆ ದಿನ ಬಸ್ಸೂ ತಪ್ಪಿದ್ದರಿಂದ ಕಾಕನೇ ಕಾಲೇಜಿನವರೆಗೆ ತಂದು ಬಿಟ್ಟಿದ್ದರು. ನಾನು ಆಫೀಸಿನ ಕಿಟಕಿಯ ಮುಂದೆ ಗೋಗರೆಯುತ್ತಿದ್ದುದನ್ನು ನೋಡಿ ಒಳಗೇ ಬಂದುಬಿಟ್ಟರು.

ಗುಮಾಸ್ತರು ಕೆಟ್ಟವರಲ್ಲ, ದಾರಿಯನ್ನೇ ಹೇಳಿಕೊಡುತ್ತಿದ್ದರು. "ಆನೆಗೆಲ್ಲ ಕಾಲಂ ಇಲ್ಲಮ್ಮ. ಹುಷಾರಿಲ್ಲ ಅಂತ ಒಂದು ಮೆಡಿಕಲ್ ಸರ್ಟಿಫಿಕೇಟ್ ತಂದುಬಿಡಿ. ಎಲ್ಲರೂ ಹಾಗೇ ಮಾಡೋದು."

"ಹುಷಾರಾಗೇ ಅವ್ಳಲ್ಲ ಸಾರ್," ಎಂದರು ಕಾಕ ನನ್ನ ಹಿಂದಿನಿಂದ. "ಕಣ್ಮುಂದೆ ನಿಂತವ್ಳೆ. ಆನೆ ಅಂತ ಬರ್ಕಳಿ."

"ಆನೆ ಅಂತ ಬರ್ಕೊಂಡ್ರೆ ಮೇಲಿನೋರು ನಗ್ತಾರೆ ಕಣ್ರೀ."

"ನಗ್ಲಿ. ಒಂದಿನ ನಮ್ ರೋಡಿಗೆ ಬಂದು ನಗ್ಲಿ."

ಸಾಲಿನಲ್ಲಿದ್ದ ಹುಡುಗರೆಲ್ಲ ಗೊಳ್ಳೆಂದರು. ಆ ಹೊತ್ತು ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತ್ತು. ಹಾಜರಿ ಕೊಡಲಿಲ್ಲ. ಕಾಕ ಮೆಟ್ಟಿಲಿಳಿಯುತ್ತ, "ನಾಳೆ ಡಾಕ್ಟ್ರಾಗಿ ನೀನೇ ಸರ್ಟಿಫಿಕೇಟ್ ಬರ್ಯೋಳು. ಈಗ್ಲೇ ಸುಳ್ಳು ಕಲೀಬೇಡ," ಎಂದಷ್ಟೇ ಹೇಳಿ ಹೊರಟರು.

ಅದೇ ವರ್ಷದ ಕಾಫಿ ಕೊಯ್ಲಿನ ಕಾಲದ ಒಂದು ದಿನ. ಅವತ್ತು ಕಾಕ ಎಂದಿನಂತೆ ನನ್ನನ್ನು ಬಸ್ಸಿಗೆ ಬಿಟ್ಟು, ಎರಡನೇ ಸಲ ಆಳುಗಳನ್ನು ತರಲು ಮೇಲೆ ಹೋಗಿದ್ದರು. ನಾನು ಫಾರ್ಮಕಾಲಜಿ ಕ್ಲಾಸಿನಲ್ಲಿದ್ದಾಗ ಅಪ್ಪನ ಫೋನು ಮೇಲಿಂದ ಮೇಲೆ ಬಂತು. ಬೆಂಚಿನ ಕೆಳಗೆ ಬಗ್ಗಿ ಎತ್ತಿದೆ. ಗೇಟಿನಲ್ಲಿ ಒಬ್ಬ ಹೆಂಗಸು ಇರಲಿಲ್ಲವಂತೆ. ಹಾರ್ನಿಗೆ ಯಾರೂ ಓಗೊಡಲಿಲ್ಲ. ಕಾಕ ಇಳಿದು ಕಾಲುದಾರಿಯಲ್ಲಿ ಹುಡುಕಿಕೊಂಡು ಹೋಗಿದ್ದಾರೆ. ಅವಳು ಹಿಂದಿನ ಸಂಜೆಯೇ, ಯಾರಿಗೂ ಹೇಳದೆ, ವನಗೂರಿನ ಅಕ್ಕನ ಮನೆಗೆ ಹೋಗಿ ಕೂತಿದ್ದಳು.

"ಆನೆ ಎತ್ತಾಕ್ಬುಡ್ತು ಕಣವ್ವ," ಎಂದ ಅಪ್ಪ. "ಉಸಿರೈತೆ. ನಿಮ್ ಆಸ್ಪತ್ರೆಗೇ ತತ್ತಾವ್ರೆ."

ಎದ್ದು ನಿಂತೆ. ಪಾಠ ಮಾಡುತ್ತಿದ್ದ ಸರ್ ಎಲ್ಲಿಗೆಂದು ಕೇಳಿದರು.

"ಕ್ಯಾಶುವಾಲ್ಟಿಗೆ ಸರ್. ನಮ್ಮವರನ್ನ ತರ್ತಿದ್ದಾರೆ."

"ನಮ್ಮವರು ಅಂದರೆ? ಏನಾಗಬೇಕು?"

"ಜೀಪ್ ಕಾಕ ಸರ್."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಸರ್ ಮೆತ್ತಗೇ ಹೇಳಿದರು, "ನಿಮ್ಮ ಅಟೆಂಡೆನ್ಸ್ ಅಂಚಿನಲ್ಲಿದೆ. ಈಗ ಎದ್ದು ಹೋದರೆ ಪರೀಕ್ಷೆಗೆ ಕೂರಿಸೋಕೆ ಆಗಲ್ಲ. ಯೋಚನೆ ಮಾಡಿ."

ಯೋಚನೆ ಮಾಡಲಿಲ್ಲ. ಬಾಗಿಲ ಪಕ್ಕದ ಯಂತ್ರದ ಮುಂದೆ ಹಾದು ಹೋದೆ, ಹೆಬ್ಬೆಟ್ಟು ಒತ್ತಲಿಲ್ಲ.

ಕಾಕನನ್ನು ತಂದಾಗ ನಾನು ಕಾಲೇಜಿನ ಆಸ್ಪತ್ರೆಯಲ್ಲೇ ಇದ್ದೆ, ಕ್ಲಾಸಿನಿಂದ ಕೆಲವೇ ಮೆಟ್ಟಿಲು ಕೆಳಗೆ. ಕಾಕನ ಎದೆಯ ಒಂದು ಭಾಗ ಉಸಿರು ಎಳೆದಾಗ ಏಳುವ ಬದಲು ಒಳಕ್ಕೆ ಕುಸಿಯುತ್ತಿತ್ತು. ಪಕ್ಕೆಲುಬುಗಳು ಮುರಿದರೆ ಹಾಗಾಗುತ್ತದೆ ಎಂದು ಓದಿದ್ದೆ. ಡ್ಯೂಟಿ ಡಾಕ್ಟರು ಮಾಡಬೇಕಾದ್ದನ್ನೆಲ್ಲ ಮಾಡುತ್ತಿದ್ದರು. ನಾನು ತಲೆಯ ಹತ್ತಿರ ಹೋಗಿ ನಿಂತೆ. ಕಣ್ಣು ಬಿಟ್ಟರು.

"ಅವ್ಳು... ಸಿಕ್ಕಿದ್ಲಾ?"

"ಸಿಕ್ಕಿದ್ಲು ಕಾಕ. ಅಕ್ಕನ ಮನೇಲಿದ್ಲಂತೆ."

ಸಿಟ್ಟು ಬಂದಂತೆ ಹುಬ್ಬು ಗಂಟಾಯಿತು. ಬೈಯಲು ಉಸಿರು ಸಾಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಬಿಳಿ ಕೋಟು ಅವರ ಕಣ್ಣಿಗೆ ಬಿತ್ತು.

"ಡಾಕ್ಟ್ರಮ್ಮ, ನಿಂಗೆ ಕ್ಲಾಸಿಲ್ವಾ?"

"ಇಲ್ಲ ಕಾಕ. ಇವತ್ತು ರಜೆ."

"ಹಂಗಾರೆ ಕುತ್ಕೊ..."

ಕೂತೆ. ಅವರ ಕೈ ಹಿಡಿದುಕೊಂಡೆ. ಸ್ಟಿಯರಿಂಗ್ ಹಿಡಿದು ಹಿಡಿದು ಅಂಗೈ ದಡ್ಡುಗಟ್ಟಿತ್ತು. ಮಧ್ಯಾಹ್ನಕ್ಕೆ ಮುಂಚೆ ಕಾಕ ಹೋದರು. ಆಮೇಲೆ ನಾನು ವಾರ್ಡಿಗೂ ಹೋಗಲಿಲ್ಲ. ಅವರ ಜೊತೆಗೇ ಊರಿಗೆ ಹೋದೆ. ಗಂಡಸರು ಮಣ್ಣಿಗೆ ಒಯ್ಯುವವರೆಗೂ, ಒಯ್ದ ಮೇಲೂ, ಅವರ ಹೆಂಡತಿಯ ಪಕ್ಕದಲ್ಲೇ ಕೂತಿದ್ದೆ. ಏನಾಗಬೇಕು ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಕಾಲೇಜಿನಲ್ಲಿ ಕೇಳಿದರು. ಹತ್ತಿರದ ರಕ್ತಸಂಬಂಧಿ ತೀರಿಕೊಂಡರೆ ವಿನಾಯಿತಿ ಇತ್ತು, ಜೀಪು ಓಡಿಸುವವರಿಗೆ ಇರಲಿಲ್ಲ. ಅದೇ ಗುಮಾಸ್ತರು ಈ ಸಲವೂ ದಾರಿ ಹೇಳಿಕೊಟ್ಟರು, ಪಾಪ. ಟೈಫಾಯಿಡ್ ಅಂತ ಸರ್ಟಿಫಿಕೇಟ್ ತಂದರೆ ಎಲ್ಲ ಸರಿಹೋಗುತ್ತದೆ. ಆ ತಿಂಗಳು ನಮ್ಮ ಬ್ಯಾಚಿನಲ್ಲಿ ಎಷ್ಟೊಂದು ಜನಕ್ಕೆ ಟೈಫಾಯಿಡ್! ಸಿನಿಮಾಕ್ಕೆ ಹೋದವರಿಗೂ ಟೈಫಾಯಿಡ್, ಗೋವಾಕ್ಕೆ ಹೋದವರಿಗೂ ಟೈಫಾಯಿಡ್. ಸರ್ಟಿಫಿಕೇಟ್ ಬರೆದುಕೊಡಲು ಸೀನಿಯರುಗಳೇ ಸಾಲಾಗಿ ಇದ್ದರು.

ರಜೆಯೆಂದು ಕಾಕನಿಗೆ ಒಂದು ಸುಳ್ಳು ಹೇಳಿಯಾಗಿತ್ತು. ನನ್ನ ಪಾಲಿಗೆ ಅದು ಸಾಕಾಗಿತ್ತು. ಆ ಸುಳ್ಳಿನ ಬಗ್ಗೆ ನನಗೆ ನಾಚಿಕೆಯೂ ಇಲ್ಲ. ಇನ್ನೊಂದನ್ನು, ಅದೂ ಹಾಜರಿಗಾಗಿ, ಹೇಳಲು ತಯಾರಿರಲಿಲ್ಲ. ಅರ್ಜಿಯಲ್ಲಿ ಕಾರಣದ ಮುಂದೆ ಬರೆದೆ, ಆನೆ.

"ಮತ್ತೆ ಆನೆನಾ?" ಎಂದರು ಗುಮಾಸ್ತರು.

"ಹೌದು ಸರ್. ಮತ್ತೆ ಆನೆ."

ಅವರು ನಗಲಿಲ್ಲ. ನನ್ನ ಮುಖ ನೋಡಿ ಅರ್ಜಿ ತೆಗೆದುಕೊಂಡರು. ಅದು ಮೇಲೆ ಹೋಗಿ, ತಿರಸ್ಕೃತವೆಂಬ ಮುದ್ರೆ ಹೊತ್ತು ಕೆಳಗೆ ಬಂತು. ನನ್ನ ಬ್ಯಾಚು ಪರೀಕ್ಷೆ ಬರೆದು ಮುಂದೆ ಹೋಯಿತು. ನಾನು ಆರು ತಿಂಗಳು ಹಿಂದೆ ಉಳಿದೆ, ಕಿರಿಯರ ಜೊತೆ ಕೂತು ಬರೆದೆ, ಪಾಸಾದೆ. ಈಗಲೂ ಕೆಲವರು, ಒಂದು ಚೀಟಿಗೋಸ್ಕರ ಆರು ತಿಂಗಳು ಹಾಳುಮಾಡಿಕೊಂಡೆಯಲ್ಲ ಅನ್ನುತ್ತಾರೆ. ಹಾಳೇನೂ ಆಗಲಿಲ್ಲ. ನನ್ನ ಓದಿನಲ್ಲಿ ನಾನು ನಿಜವಾಗಿ ಹಾಜರಿದ್ದ ದಿನ ಯಾವುದೆಂದು ಕೇಳಿದರೆ, ಆಬ್ಸೆಂಟ್ ಬಿದ್ದ ಆ ದಿನವನ್ನೇ ತೋರಿಸುತ್ತೇನೆ. ಬೇಕಾದರೆ ಇನ್ನೊಂದು ಸಲ ಡಿಟೇನ್ ಮಾಡಿ ಹಿಂದೆ ಉಳಿಸಲಿ.

ಈಗ ನಾನು ಕೆಲಸ ಮಾಡುವ ಆಸ್ಪತ್ರೆಗೆ ಹಳ್ಳಿ ಪೋಸ್ಟಿಂಗ್ ಎಂದು ಇಂಟರ್ನ್ ಹುಡುಗ ಹುಡುಗಿಯರು ಬರುತ್ತಾರೆ. ಹೆಬ್ಬೆಟ್ಟಿನ ಕಾಲ ಹೋಗಿ ಯಂತ್ರಕ್ಕೆ ಮುಖ ತೋರಿಸುವ ಕಾಲ ಬಂದಿದೆ. ಅವರ ಹಾಜರಿಯ ಉಸ್ತುವಾರಿ ನನ್ನದು. ಮೊನ್ನೆ, ಆ ಲದ್ದಿಯ ವಾಸನೆ ಬಂದ ಬೆಳಿಗ್ಗೆ, ಒಂದು ಮುಖ ಕಡಿಮೆ ಇತ್ತು. ಮೇಲಿನ ತಿರುವಿನಲ್ಲಿ ರೂಮು ಮಾಡಿಕೊಂಡು, ದಿನಾ ನಡೆದು ಬರುವ ಹುಡುಗಿ. ಫೋನು ಹತ್ತುತ್ತಿರಲಿಲ್ಲ. ಕಾಲೇಜಿನಿಂದ ಫೋನು ಬಂತು.

"ಬಂದಿಲ್ವಾ ಮೇಡಂ? ಆಬ್ಸೆಂಟ್ ಹಾಕಿ ಕಳಿಸಿಬಿಡಿ."

"ಇರಿ," ಎಂದೆ. "ಮೊದಲು ಹುಡುಕಿ ಬರ್ತೀನಿ."

"ನೀವ್ಯಾಕೆ ಹೋಗ್ತೀರಿ? ಅದು ನಿಮ್ಮ ಕೆಲಸ ಅಲ್ಲ."

"ನನ್ನದೇ," ಎಂದು ಫೋನಿಟ್ಟೆ.

ತಿರುವಿನ ಹತ್ತಿರ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಒದ್ದೆ ಮಣ್ಣಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಆನೆ ದಾಟಿ ಹೋಗಿತ್ತು. ಅವಳ ಗೇಟಿನಲ್ಲಿ ಎರಡು ಹಾರ್ನ್ ಹೊಡೆದೆ. ನನ್ನ ಕಾರಿನದು ಪೀಪಿ ಊದಿದ ಹಾಗೆ, ಕಾಕ ಕೇಳಿದ್ದರೆ ಉಗಿಯುತ್ತಿದ್ದರು. ಬಾಗಿಲು ಸ್ವಲ್ಪವೇ ತೆರೆಯಿತು. ಬಿಳಿ ಕೋಟು ಹಾಕಿಕೊಂಡೇ, ಬ್ಯಾಗು ಎದೆಗೆ ಅವುಚಿಕೊಂಡು ನಿಂತಿದ್ದಳು. ಕರೆಂಟಿಲ್ಲದೆ ಫೋನು ಸತ್ತಿತ್ತು. ಬೆಳಗಿನಿಂದ ಅಂಗಳದಲ್ಲೇ ಇತ್ತು ಮೇಡಂ ಎನ್ನುತ್ತ ಗೇಟಿಗೆ ಬಂದಳು.

"ಆಬ್ಸೆಂಟ್ ಬಿತ್ತಾ ಮೇಡಂ? ಕಾರಣ ಏನಂತ ಬರೀಲಿ?"

"ಏನಿತ್ತೋ ಅದನ್ನೇ ಬರಿ. ಕೆಳಗೆ ನಾನು ಸಹಿ ಹಾಕ್ತೀನಿ."

ಅವಳಿನ್ನೂ ಗೇಟು ಹಿಡಿದುಕೊಂಡೇ ನಿಂತಿದ್ದಳು. "ಯಾರೂ ಬರಲ್ಲ ಅಂದ್ಕೊಂಡಿದ್ದೆ," ಎಂದಳು.

ಅಮ್ಮ ಹೋದಳು, ಅಪ್ಪನೂ ಹೋದ, ಅದೇ ಮನೆಯಿಂದ ನಾನು ಈಗಲೂ ದಿನಾ ಕೆಲಸಕ್ಕೆ ಹೊರಡುತ್ತೇನೆ. ನಾನೊಂದು ದಿನ ಹೊರಡದಿದ್ದರೆ ಆ ಗೇಟಿನಲ್ಲಿ ಹಾರ್ನ್ ಒತ್ತಿ ಹಿಡಿಯುವವರು ಯಾರೂ ಇಲ್ಲ.

ಪಕ್ಕದ ಬಾಗಿಲು ತೆಗೆದೆ.

"ಹತ್ತು," ಎಂದೆ.