ಅರವತ್ತು ಇಂಗ್ಲಿಷ್ ಮಾತು, ಒಂಬತ್ತು ಇಂಚಿನ ಮಡಿ

೧೯೪೧ರಲ್ಲಿ ನಾನು ಕುಷ್ಟಗಿಯ ಸರಕಾರಿ ಬಂಗಲೆಯ ತೋಟದಲ್ಲಿ ಎರಡನೆಯ ಮಾಲಿಯಾಗಿದ್ದೆ. ಊರು ಯಲಬುರ್ಗಾ ಕಡೆಯ ಬೇವೂರು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟು ಸಲಿಕೆ ಹಿಡಿದವನು. ಇದನ್ನು ನಾಚಿಕೆಪಟ್ಟು ಹೇಳುತ್ತಿಲ್ಲ. ಮುಂದೆ ಮೂವತ್ತು ವರ್ಷ ನಾನು ಬೆಳೆಸಿದ ತೋಟಗಳಲ್ಲಿ ಅಡ್ಡಾಡಿದ ಯಾವ ಅಧಿಕಾರಿಯೂ ನನ್ನ ಇಯತ್ತೆ ಎಷ್ಟೆಂದು ಕೇಳಲಿಲ್ಲ.

ಮೊದಲನೆಯ ಮಾಲಿ ಇಮಾಮಸಾಬರು, ಹನುಮಸಾಗರದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಬಂಗಲೆಯ ಹಿಂದಿನ ಮಾಲಿಯ ಖೋಲಿಯಲ್ಲಿ ಹೆಂಡತಿಯೊಂದಿಗೆ ಇರುತ್ತಿದ್ದರು. ನೌಕರಿ ಇದ್ದರೆ ಖೋಲಿ, ಹೋದರೆ ತಲೆಯ ಮೇಲಿನ ಸೂರೂ ಹೋಯಿತು. ಅಂಥ ಕಟ್ಟು.

ಆ ತೋಟದ ನೀರಿನ ವಿಷಯ ಮೊದಲು ಹೇಳಬೇಕು. ಎಂಟಾಳು ಆಳದ ಬಾವಿ. ಎತ್ತು ಹೂಡಿ ಕಪಿಲೆ ಹೊಡೆದರೆ ನೀರು ಕಾಲುವೆಗೆ ಬೀಳುತ್ತಿತ್ತು, ಕಾಲುವೆಯಿಂದ ಮಡಿಗೆ. ಮಡಿ ಎಂದರೆ ನೆಲಕ್ಕಿಂತ ನಾಲ್ಕು ಬೆರಳು ತಗ್ಗಿನ, ಸುತ್ತ ಬದು ಕಟ್ಟಿದ ಚೌಕ. ಕಾಲುವೆಯ ಬಾಯಿ ಒಡೆದರೆ ನೀರು ತಾನಾಗಿ ಒಳಗೆ ಹರಿದು ನಿಲ್ಲುತ್ತದೆ. ತುಂಬಿದ ಕೂಡಲೇ ಒಂದು ಸಲಿಕೆ ಮಣ್ಣು ಹಾಕಿ ಬಾಯಿ ಕಟ್ಟಿ, ನೀರನ್ನು ಮುಂದಿನ ಮಡಿಗೆ ತಿರುಗಿಸಬೇಕು. ತುಂಬಿತೋ ಇಲ್ಲವೋ ಎಂಬುದನ್ನು ಇಮಾಮಸಾಬರು ಕಣ್ಣಿನಿಂದ ನೋಡುತ್ತಿರಲಿಲ್ಲ. ಬರಿಗಾಲಲ್ಲಿ ನಿಂತಿರುತ್ತಿದ್ದರು. ಹಿಮ್ಮಡ ಮುಳುಗಿತೆಂದರೆ ಸಲಿಕೆ ಎತ್ತುತ್ತಿದ್ದರು.

ಆ ವರ್ಷ ದಸರೆ ಮುಗಿದ ಮೇಲೆ ಶೇಷಗಿರಿರಾವ್ ಎಂಬ ಹೊಸ ಮೇಲ್ವಿಚಾರಕರು ಬಂದರು. ಅವರ ಬೂಟಿಗೆ ಮಣ್ಣು ಹತ್ತಿದ್ದನ್ನು ನಾನು ಕಡೆಯವರೆಗೂ ಕಾಣಲಿಲ್ಲ. ಬಗಲಲ್ಲಿ ವಿಲಾಯಿತಿಯಲ್ಲಿ ಅಚ್ಚಾದ ಮನೆತೋಟದ ಪುಸ್ತಕವೊಂದು ಯಾವಾಗಲೂ ಇರುತ್ತಿತ್ತು. ಗಿಡದ ಹತ್ತಿರ ಬಂದರೆ ಮೊದಲು ಪುಸ್ತಕ ನೋಡುತ್ತಿದ್ದರು, ಆಮೇಲೆ ಗಿಡ. ಎರಡೂ ಹೊಂದದಿದ್ದರೆ ತಪ್ಪು ಗಿಡದ್ದು.

ಜನವರಿಯಲ್ಲಿ ದೊಡ್ಡ ಸಾಹೇಬರೊಬ್ಬರ ಕ್ಯಾಂಪ್ ಬರುವುದಿತ್ತು. ಜೊತೆಗೆ ಅವರ ಮೇಮಸಾಹೇಬರು. ಆಕೆಗೆ ಹೂವಿನ ಹುಚ್ಚು ಎಂದು ಸುದ್ದಿ. ಆಕೆ ಏನು ಕೇಳಿದರೂ ಮಾಲಿಗಳು ಇಂಗ್ಲಿಷಿನಲ್ಲಿ ಉತ್ತರಿಸಬೇಕೆಂದು ಶೇಷಗಿರಿರಾಯರು ಅರವತ್ತು ಮಾತುಗಳ ಪಟ್ಟಿ ಮಾಡಿದರು. ಸಲಿಕೆಗೆ ಸ್ಪೇಡ್, ಮಣ್ಣು ಕೆದಕುವ ಖುರ್ಪಿಗೆ ಟ್ರೊವೆಲ್, ಕಸ ಕೀಳುವುದಕ್ಕೆ ವೀಡಿಂಗ್, ಟೊಂಗೆ ಕತ್ತರಿಸುವುದಕ್ಕೆ ಪ್ರೂನಿಂಗ್, ಸಸಿ ಕಿತ್ತು ನೆಡುವುದಕ್ಕೆ ಟ್ರಾನ್ಸ್‌ಪ್ಲಾಂಟಿಂಗ್, ಗಿಡದ ಬೇಲಿಗೆ ಹೆಡ್ಜ್, ಮಡಿಗೆ ಬೆಡ್. ದಿನಾ ಬೆಳಿಗ್ಗೆ ನಮ್ಮಿಬ್ಬರನ್ನೂ ತೋಟದ ಆಳುಗಳನ್ನೂ ಬೇವಿನ ಗಿಡದ ಕೆಳಗೆ ಸಾಲಾಗಿ ನಿಲ್ಲಿಸಿ ಒಂದು ತಾಸು ಕೂಗಿಸುತ್ತಿದ್ದರು. ನೀರು ಬಿಡುವ ಹೊತ್ತು ಅದು. ಹೂಡಿದ ಎತ್ತುಗಳು ಬಾವಿಯ ಮೇಲೆ ಸುಮ್ಮನೆ ನಿಂತು ನಮ್ಮ ಇಂಗ್ಲಿಷ್ ಕೇಳುತ್ತಿದ್ದವು. ಪರೀಕ್ಷೆ ಇಟ್ಟಿದ್ದರೆ ಅವೂ ಪಾಸಾಗುತ್ತಿದ್ದವು.

ಪರೀಕ್ಷೆ ನಮಗೆ ಮಾತ್ರ ಇತ್ತು. ಎಂಟು ದಿನದ ಗಡುವು. ಬಾರದವನ ಹೆಸರು ಹಾಜರಿ ಪಟ್ಟಿಯಿಂದ ಹೊಡೆದುಹಾಕುವುದಾಗಿ ಹೇಳಿದರು.

ಅದೇ ಎಂಟು ದಿನದಲ್ಲಿ ಇನ್ನೊಂದು ಹುಕುಂ ಬಂತು. ಬೆಡ್ ಎಂದರೆ ನೆಲಕ್ಕಿಂತ ಒಂಬತ್ತು ಇಂಚು ಎತ್ತರ ಇರಬೇಕಂತೆ, ಪುಸ್ತಕದಲ್ಲಿ ಚಿತ್ರವೇ ಇದೆಯಂತೆ. ಇಪ್ಪತ್ತೆರಡು ಮಡಿಗಳನ್ನೂ ಮಣ್ಣು ತುಂಬಿ ಏರಿಸಬೇಕು. ಇಮಾಮಸಾಬರು ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದರು:

“ಸಾಹೇಬ್ರ, ಆ ಪುಸ್ತಕದ ಊರಾಗ ನೀರು ಮ್ಯಾಲಿಂದ ಬೀಳ್ತೈತೇನ್ರಿ?”

“ಹೌದು. ವರ್ಷಪೂರ್ತಿ ಮಳಿ.”

“ನಮ್ಮಲ್ಲಿ ಬಾವ್ಯಾಗಿಂದ ಬರ್ತೈತ್ರಿ. ಮಡಿ ಏರಿಸಿದ್ರ ನೀರು ಏಣಿ ಹಚ್ಚಿ ಹತ್ತಬೇಕಾಕ್ಕೈತಿ.”

ನಾವೆಲ್ಲ ನಕ್ಕೆವು. ಶೇಷಗಿರಿರಾಯರು ನಗಲಿಲ್ಲ. “ವಾಟರಿಂಗ್ ಕ್ಯಾನ್ ಯಾಕ ಅದಾವ? ಮುದುಕರಾದ್ರೂ ಬುದ್ಧಿ ಬರಲಿಲ್ಲ ನಿಮಗ” ಎಂದರು. ಇದ್ದದ್ದು ಎರಡೇ ಕ್ಯಾನ್. ಇಪ್ಪತ್ತೆರಡು ಮಡಿಗೆ ಎರಡು ಕ್ಯಾನ್! ಲೆಕ್ಕ ಬರುವವರು ಮಾಡಿಕೊಳ್ಳಲಿ.

ಮಡಿ ಏರಿಸಿದೆವು. ಹಗಲು ಮಣ್ಣು, ಸಂಜೆ ಪಟ್ಟಿ. ಕೇಳಿದ್ದನ್ನು ತಲೆಯಲ್ಲಿ ಹಿಡಿದಿಡುವುದು ನನಗೆ ಕಷ್ಟದ ಕೆಲಸವಲ್ಲ. ಎಂಟನೆಯ ದಿನ ಅರವತ್ತಕ್ಕೆ ಅರವತ್ತೂ ಹೇಳಿದೆ. ಕೆಲವಂತೂ ಶೇಷಗಿರಿರಾಯರಿಗಿಂತ ಚೊಕ್ಕವಾಗಿ. ಆಮೇಲೆ ಇಮಾಮಸಾಬರ ಸರದಿ ಬಂತು. ರಾಯರು ಖುರ್ಪಿ ಎತ್ತಿ ತೋರಿಸಿದರು.

“ಇದಕ್ಕ ಏನಂತಾರ?”

“ಖುರ್ಪಿ ಅಂತಾರ್ರಿ.”

“ಇಂಗ್ಲಿಷಿನ್ಯಾಗ?”

“ಅದನ್ನ ಇಂಗ್ಲಿಷಿನವ್ರಿಗೆ ಕೇಳಬೇಕ್ರಿ. ನನ್ನ ಕೈಯಾಗ ನಲವತ್ತು ವರ್ಷದಿಂದ ಖುರ್ಪೀನ ಐತಿ.”

ಉಳಿದ ಐವತ್ತೊಂಬತ್ತನ್ನು ರಾಯರು ಕೇಳಲಿಲ್ಲ. ಅಲ್ಲಿಯೇ ಹೆಸರು ಹೊಡೆದರು. ಖೋಲಿ ಬಿಡಲು ಮೂರು ದಿನ ಕೊಟ್ಟರು. ಮೂರನೆಯ ದಿನ ಎರಡು ಗಂಟು, ಒಂದು ತಗಡಿನ ಪೆಟ್ಟಿಗೆ ಬಂಡಿಯಲ್ಲಿ ಹಾಕಿಕೊಂಡು ಗಂಡಹೆಂಡತಿ ಹನುಮಸಾಗರಕ್ಕೆ, ಅಳಿಯನ ಮನೆಗೆ ಹೊರಟರು. ಮಗಳ ಮನೆಯಲ್ಲಿ ಉಣ್ಣುವ ದಿನ ಬಂತಲ್ಲ ಎಂದು ಕಾಕಿ ಬಂಡಿಯಲ್ಲಿ ಕುಳಿತು ಅತ್ತರು. ಇಮಾಮಸಾಬರ ಜಾಗಕ್ಕೆ ರಾಯರು ನನ್ನನ್ನು ಏರಿಸಿದರು.

ಏರಿದ ಮಡಿ ಏನಾಯಿತು? ನಮ್ಮದು ಮಸಾರಿ ನೆಲ, ಕೆಂಪು ಗರಸು ಮಣ್ಣು. ಒಣ ಮೂಡಗಾಳಿ ಬೀಸುತ್ತಿತ್ತು. ಕ್ಯಾನಿನಿಂದ ಹೊಯ್ದ ನೀರು ಮಡಿಯ ಬದಿಯಿಂದ ಜಾರಿ ಕಾಲುದಾರಿಗೆ ಇಳಿಯುತ್ತಿತ್ತು. ಉಳಿದ ಹಸಿಯನ್ನು ಗಾಳಿ ನಾಲ್ಕೂ ಕಡೆಯಿಂದ ಕುಡಿಯುತ್ತಿತ್ತು. ಅಲ್ಲಿ ನೆಟ್ಟ ಫ್ಲಾಕ್ಸ್, ಪಿಟೂನಿಯಾ ಹೂವಿನ ಸಸಿಗಳು ಮಧ್ಯಾಹ್ನಕ್ಕೆ ಬಾಡಿ ತಲೆ ಬಗ್ಗಿಸುತ್ತಿದ್ದವು. ಮೊದಮೊದಲು ಸಂಜೆಗೆ ಎದ್ದವು, ಆಮೇಲೆ ಏಳಲಿಲ್ಲ. ಕಾಲುದಾರಿಯಲ್ಲಿ ಮಾತ್ರ ಹಸಿರು ಕಸ ಚೆನ್ನಾಗಿ ಬೆಳೆಯಿತು.

ರಾಯರು ಪುಸ್ತಕ ತಿರುವಿದರು. ಮಲ್ಚಿಂಗ್ ಎಂದರು, ಅಂದರೆ ಬುಡಕ್ಕೆ ಒಣ ಎಲೆ ಹೊದಿಸುವುದು. ಹೊದಿಸಿದೆವು, ಗಾಳಿ ಹಾರಿಸಿಕೊಂಡು ಹೋಯಿತು. ಕಡೆಗೆ ನಮ್ಮ ಮೇಲೆ ಬಂದರು. “ನಿಮ್ಮ ಕೈಗುಣ ಸರಿ ಇಲ್ಲ, ಅದಕ್ಕ ಸಾಯಾಕ ಹತ್ಯಾವ!”

“ನಾವು ಕನ್ನಡದಾಗ ನೀರು ಹಾಕೀವ್ರಿ,” ಎಂದೆ. “ನೀವು ಒಮ್ಮೆ ಇಂಗ್ಲಿಷಿನ್ಯಾಗ ಬೈದು ನೋಡ್ರಿ. ಎದ್ದರೂ ಎದ್ದಾವು.”

ಕ್ಯಾಂಪಿಗೆ ಇನ್ನು ಇಪ್ಪತ್ತು ದಿನ ಇರುವಾಗ ನನ್ನನ್ನು ವರಾಂಡಕ್ಕೆ ಕರೆಸಿದರು. ಅಂದು ಬಗಲಲ್ಲಿ ಪುಸ್ತಕ ಇರಲಿಲ್ಲ.

“ಹಣಮಪ್ಪ, ಏನರ ಮಾಡೊ.”

“ಮಾಡಬಹುದ್ರಿ. ಮಡಿ ಇಳಿಸಬೇಕು. ಆದ್ರ ಬೇರು ಮುಟ್ಟದಂಗ ಇಳಿಸೂದು ನನ್ನ ಕೈಲೆ ಆಗೂದಿಲ್ಲ. ಇಮಾಮಸಾಬರ ಹೆಸರು ಹಾಜರಿ ಪಟ್ಟಿಯೊಳಗ ಮೊದಲನೇ ಸಾಲಿಗೆ ಬರೀರಿ, ಖೋಲಿ ಕೀಲಿ ನನ್ನ ಕೈಯಾಗ ಕೊಡ್ರಿ. ಇಲ್ಲಾಂದ್ರ ನನ್ನ ಹೆಸರೂ ಹೊಡೀರಿ.”

“ಫೇಲಾದವನನ್ನ ಹ್ಯಾಂಗ ತಗೊಳ್ಳಲಿ?”

“ಸಸಿ ಪಾಸಾಗಿದ್ರ ನಾನೂ ಕೇಳ್ತಿದ್ದಿಲ್ರಿ.”

ಬರೆದರು. ಬರೆಯುವಾಗ ನಾನು ಹಿಂದೆ ನಿಂತು ನೋಡಿದೆ. ಕೀಲಿ ಇಸಿದುಕೊಂಡು ಅದೇ ದಿನ ಹನುಮಸಾಗರದ ದಾರಿ ಹಿಡಿದೆ.

ಇಮಾಮಸಾಬರು ಬಂದವರೇ ಪೈಜಾಮ ಮೊಣಕಾಲಿಗೆ ಏರಿಸಿ ಮಡಿಗೆ ಇಳಿದರು. ಒಂದೊಂದು ಸಸಿಯನ್ನೂ ಮಣ್ಣಿನ ಹೆಂಟೆ ಸಮೇತ ಎತ್ತಿ ನೆರಳಿಗಿಟ್ಟು, ಮಡಿ ತಗ್ಗಿಸಿ, ನೀರು ಬಿಟ್ಟು, ಕೆಸರಿನಲ್ಲಿ ಮತ್ತೆ ಕೂಡಿಸಿದರು. ಇಪ್ಪತ್ತೆರಡರಲ್ಲಿ ಹದಿನಾಲ್ಕು ಮಡಿ ಉಳಿದವು. ಎಂಟು ಸತ್ತವು. ಅಲ್ಲಿ ಕೊತ್ತಂಬರಿ ಹಾಕಿ ಹಸಿರು ಮಾಡಿದೆವು.

ಕ್ಯಾಂಪ್ ಬಂತು. ಮೇಮಸಾಹೇಬರು ಬಿಳಿ ಛತ್ರಿ ಹಿಡಿದು ತೋಟದಲ್ಲಿ ಒಂದು ಸುತ್ತು ಹಾಕಿದರು, ಫ್ಲಾಕ್ಸ್ ಮುಂದೆ ಒಂದು ಕ್ಷಣ ನಿಂತರು, ಚಹಾಕ್ಕೆ ಒಳಗೆ ಹೋದರು. ಯಾವ ಮಾಲಿಯನ್ನೂ ಏನೂ ಕೇಳಲಿಲ್ಲ. ಅರವತ್ತು ಮಾತುಗಳಲ್ಲಿ ಒಂದೂ ಖರ್ಚಾಗಲಿಲ್ಲ. ಶೇಷಗಿರಿರಾಯರು ಮೇಲಿನವರಿಗೆ ಕಳಿಸಿದ ವರದಿಯಲ್ಲಿ, ನೀರು ಕಡಿಮೆ ಇರುವ ಈ ಸೀಮೆಗೆಂದು ತಾವು ‘ಸಂಕನ್ ಬೆಡ್’ ಎಂಬ ಹೊಸ ಪದ್ಧತಿ ತಂದುದಾಗಿ ಬರೆದಿದ್ದರಂತೆ. ಕಚೇರಿಯ ಕಾರಕೂನ ಓದಿ ಹೇಳಿದ. ನಮ್ಮ ತಗ್ಗುಮಡಿಗೆ ಒಂದು ಇಂಗ್ಲಿಷ್ ಅಂಗಿ ತೊಡಿಸಿ ತಮ್ಮ ಮಗುವೆಂದು ತೋರಿಸಿದ ಮನುಷ್ಯ! ಅಂಥವರ ಮೇಲೆ ನನಗಿರುವ ತಿರಸ್ಕಾರ ಇಷ್ಟು ವರ್ಷವಾದರೂ ಕಡಿಮೆಯಾಗಿಲ್ಲ, ಕಡಿಮೆ ಮಾಡಿಕೊಳ್ಳುವ ಆಸೆಯೂ ಇಲ್ಲ.

ಆ ಸುದ್ದಿ ಇಮಾಮಸಾಬರಿಗೆ ಮುಟ್ಟಿಸಿ, ರಾಯರನ್ನು ನಾನು ಹೇಗೆ ಬಗ್ಗಿಸಿದೆನೆಂಬುದನ್ನೂ ಮತ್ತೊಮ್ಮೆ ಬಣ್ಣಿಸಿದೆ. ಅವರು ಕಾಲುವೆಯ ಬಾಯಿ ಕಟ್ಟುತ್ತಿದ್ದರು. ತಲೆ ಎತ್ತದೆ ಕೇಳಿದರು:

“ಆ ಮಾತು ಉರು ಹೊಡೀಲಿಕ್ಕೆ ಎಷ್ಟ ದಿವಸ ಹಿಡೀತೊ, ತಮ್ಮಾ?”

“ಎಂಟ ದಿವಸ, ಕಾಕಾ.”

“ಮಡಿ ಏರಿಸೂದು ತಪ್ಪಂತ ಅವಾಗ ನಿನಗ ಗೊತ್ತಿತ್ತೊ ಇಲ್ಲೊ?”

“ಗೊತ್ತಿತ್ತು.”

“ಗೊತ್ತಿದ್ದೂ ಮಣ್ಣಿನ ಬುಟ್ಟಿ ಹೊತ್ತಿ. ನಾ ಕೇಳಿದಾಗ ಬಾಜೂಕ ನಿಂತು ನಕ್ಕಿ, ಒಂದು ಮಾತು ಆಡಲಿಲ್ಲ. ಆ ರಾಯಗ ಗೊತ್ತಿರಲಿಲ್ಲ, ಬಿಡು.”

ಇಷ್ಟು ಹೇಳಿ ಮುಂದಿನ ಮಡಿಗೆ ನಡೆದರು. ಎಂಟು ದಿನ ನಾನು ಸುಮ್ಮನಿದ್ದದ್ದು ಪರೀಕ್ಷೆ ಪಾಸಾಗುವ ಆಸೆಗೆ, ಮೊದಲನೆಯ ಜಾಗದ ಆಸೆಗೆ. ಇಬ್ಬರು ಮಾಲಿಗಳು ಒಟ್ಟಿಗೆ ಬುಟ್ಟಿ ಕೆಳಗಿಟ್ಟಿದ್ದರೆ ರಾಯರು ಒಬ್ಬರೇ ಎಷ್ಟು ಮಡಿ ಏರಿಸುತ್ತಿದ್ದರು?

ಇಂಗ್ಲಿಷ್ ಮಾತುಗಳು ಈಗಲೂ ನೆನಪಿವೆ, ಉಪಯೋಗಕ್ಕೂ ಬಂದಿವೆ. ಬೀಜದ ಪೊಟ್ಟಣದ ಮೇಲಿನದನ್ನು ಓದಿಸಿ ತಿಳಿಯಲು ಬೇಕು, ಕಲಿಯಬಾರದೆಂದು ನಾನು ಹೇಳುವವನಲ್ಲ. ಆದರೆ ಕುಷ್ಟಗಿಯ ಆ ತೋಟ ಬಿಟ್ಟ ಮೇಲೆ, ತಪ್ಪೆಂದು ಗೊತ್ತಿರುವ ಹುಕುಮಿಗೆ ನಾನು ಒಂದು ಬುಟ್ಟಿ ಮಣ್ಣೂ ಹೊತ್ತಿಲ್ಲ. ಅದರಿಂದ ಗಂಗಾವತಿಯಲ್ಲಿ ಒಮ್ಮೆ, ಕೊಪ್ಪಳದಲ್ಲಿ ಒಮ್ಮೆ ನೌಕರಿ ಹೋಯಿತು. ಎರಡೂ ಸಲ ಖೋಲಿಯ ಕೀಲಿಯನ್ನು ನಾನೇ ಮೇಜಿನ ಮೇಲಿಟ್ಟು ಬಂದೆ.