ಬಂದ ದೇವರನ್ನು ಬಿಡಿಸುವ ವಿದ್ಯೆ

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲಿಗ. ಎಂ.ಎ. ಮಾಡಿದವನೂ ನಾನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ರಜೆಯಲ್ಲಿ ಕಲ್ಲು ಹೊತ್ತು ಓದಿದ್ದೇನೆ. ತತ್ತ್ವಶಾಸ್ತ್ರವನ್ನೇ ಯಾಕೆ ತೆಗೆದುಕೊಂಡೆ ಅಂತ ಕೆಲವರು ಕೇಳುತ್ತಾರೆ. ಸೀಟು ಉಳಿದದ್ದು ಅದರಲ್ಲಿ ಮಾತ್ರ. ಆಮೇಲೆ ಅದೇ ಹಿಡಿಸಿತು.

ಈಗ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಪೈಪ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸದಲ್ಲಿದ್ದೇನೆ. ಪೈಪನ್ನು ನೀರಿನ ಒತ್ತಡಕ್ಕೆ ಇಟ್ಟು ಎಲ್ಲಿ ಒಡೆಯುತ್ತದೆ ಅಂತ ನೋಡುವ ಕೆಲಸ. ತಂಗಿ ಅಬುಧಾಬಿಯ ಬನಿಯಾಸ್‌ನಲ್ಲಿ ನರ್ಸ್. ಅಪ್ಪ ಊರಲ್ಲಿ ದೈವ ಕಟ್ಟುವವರು.

ಕರಾವಳಿಯ ಹೊರಗಿನವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ವರ್ಷಕ್ಕೊಮ್ಮೆ ಗುತ್ತಿನ ಮನೆಯ ಅಂಗಳದಲ್ಲಿ ಕೋಲ ನಡೆಯುತ್ತದೆ. ಗುತ್ತು ಅಂದರೆ ಊರಿನ ದೊಡ್ಡ ಜಮೀನುದಾರರ ಮನೆ. ಮುಖಕ್ಕೆ ಅರದಾಳದ ಹಳದಿ ಬಳಿದು, ಸೊಂಟಕ್ಕೆ ತೆಂಗಿನ ಎಳೆಗರಿ ಸುತ್ತಿ, ಬೆನ್ನಿಗೆ ಅಣಿ ಎಂಬ ಎತ್ತರದ ಚೌಕಟ್ಟು ಕಟ್ಟಿಕೊಂಡು, ಕಾಲಿಗೆ ಗಗ್ಗರ ಎಂಬ ದಪ್ಪ ಗೆಜ್ಜೆ ಏರಿಸಿದ ಮೇಲೆ ಅಪ್ಪ ನಮ್ಮ ಅಪ್ಪ ಅಲ್ಲ. ದೈವ. ಗುತ್ತಿನ ಧಣಿ ಕೈಮುಗಿದು ಎದುರಲ್ಲಿ ನಿಲ್ಲುತ್ತಾರೆ. ದೈವ ಗದರಿಸಿದರೆ ತಲೆ ತಗ್ಗಿಸುತ್ತಾರೆ. ಮರುದಿನ ಅದೇ ಅಪ್ಪ ಆ ಮನೆಯ ಜಗಲಿ ಹತ್ತುವುದಿಲ್ಲ. ಅಂಗಳದಲ್ಲೇ ನಿಂತು ಮಾತಾಡಿ ಬರುತ್ತಾರೆ.

ಆ ಧಣಿ ಈಗ ಇರುವುದು ದುಬೈಯ ಮಿರ್ದಿಫ್‌ನಲ್ಲಿ, ಒಂದು ವಿಲ್ಲಾದಲ್ಲಿ. ಇಲ್ಲಿ ಕಾಂಟ್ರಾಕ್ಟರ್. ಕೋಲದ ಹೊತ್ತಿಗೆ ವಿಮಾನ ಹತ್ತಿ ಹೋಗಿ, ಕೈಮುಗಿದು ನಿಂತು, ವಾಪಸ್ ಬರುತ್ತಾರೆ. ನನ್ನ ಮೊದಲ ವೀಸಾ ಮಾಡಿಸಿಕೊಟ್ಟವರೂ ಅವರೇ. ಆ ಉಪಕಾರ ನಾನು ಮರೆತಿಲ್ಲ. ಅವರೂ ಮರೆತಿಲ್ಲ.

ಅವರ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಕೆಲವು ಕನ್ನಡಿಗರು ಸೇರುತ್ತಾರೆ. ಬೆಂಗಳೂರು, ಮೈಸೂರಿನ ಐಟಿಯವರು, ಬ್ಯಾಂಕಿನವರು. ಇಡ್ಲಿ, ಕಾಫಿ, ಒಬ್ಬರ ಉಪನ್ಯಾಸ. ಕಳೆದ ಸೆಪ್ಟೆಂಬರಿನಲ್ಲಿ ನನಗೆ ಧಣಿಗಳ ಫೋನ್ ಬಂತು. "ನೀನು ಅದೆಂತದೋ ರೋಮಿನ ದೇವರುಗಳ ಬಗ್ಗೆ ಓದ್ತಾ ಇರ್ತಿಯಲ್ಲ ಮಾರಾಯ, ಬಂದು ಹೇಳು."

ನಾನು ಓದುತ್ತಿದ್ದದ್ದು ರೋಮ್ ಸಾಮ್ರಾಜ್ಯದ ಕೊನೆಗಾಲದವರ ಬಗ್ಗೆ. ಹೊಸ ಧರ್ಮ ಬಂದು ಹಳೆಯ ದೇವಸ್ಥಾನಗಳಿಗೆ ಬೀಗ ಬೀಳುತ್ತಿದ್ದ ಕಾಲ. ಬಲಿ ಕೊಡಬಾರದು, ವಿಗ್ರಹದ ಮುಂದೆ ಧೂಪ ಹಾಕಬಾರದು ಅಂತ ಕಾನೂನು. ಆಗ ಕೆಲವು ತತ್ತ್ವಜ್ಞಾನಿಗಳು ಬಾಗಿಲು ಹಾಕಿಕೊಂಡು ಮನೆಯೊಳಗೇ ಪೂಜೆ ನಡೆಸುತ್ತಿದ್ದರು. ಅವರಲ್ಲೇ ಎರಡು ಪಂಗಡ. ಧ್ಯಾನ, ವಿಚಾರ ಸಾಕು ಎನ್ನುವವರು ಒಂದು ಕಡೆ. ಸಾಲದು, ಕ್ರಿಯೆ ಬೇಕು ಎನ್ನುವವರು ಇನ್ನೊಂದು ಕಡೆ. ಯೋಚನೆಯಿಂದಲೇ ದೇವರು ಸಿಗುವುದಾದರೆ ಓದಿದವರಿಗೆಲ್ಲ ಸಿಗಬೇಕಿತ್ತಲ್ಲ, ಎನ್ನುವುದು ಎರಡನೆಯವರ ವಾದ. ತಮ್ಮ ವಿದ್ಯೆಗೆ ಅವರು ಇಟ್ಟಿದ್ದ ಹೆಸರಿನ ಅರ್ಥವೇ ದೇವರ ಕೆಲಸ. ದೇವರುಗಳು ಕಲ್ಲಿನಲ್ಲಿ, ಸೊಪ್ಪಿನಲ್ಲಿ, ಹಕ್ಕಿಯಲ್ಲಿ ತಮ್ಮ ಗುರುತು ಬಿಟ್ಟುಹೋಗಿದ್ದಾರೆ. ಸರಿಯಾದ ಗುರುತುಗಳನ್ನು ಸೇರಿಸಿ ಕರೆದರೆ ವಿಗ್ರಹಕ್ಕೂ ಬರುತ್ತಾರೆ, ಮನುಷ್ಯನ ಮೈಗೂ ಬರುತ್ತಾರೆ. ಮೈಗೆ ಬರಿಸಿಕೊಳ್ಳುವವನಿಗೆ ಬೇರೆಯೇ ಉಡುಪು, ಸೊಂಟಪಟ್ಟಿ, ತಲೆಗೆ ಹೂಮಾಲೆ. ಬಂದಾಗ ಬೆಂಕಿ ಸುಡುವುದಿಲ್ಲ, ಚುಚ್ಚಿದರೆ ಗೊತ್ತಾಗುವುದಿಲ್ಲ.

ಮೊದಲ ಸಲ ಇದನ್ನು ಮೊಬೈಲಿನಲ್ಲಿ ಓದಿದಾಗ ಕಾರ್ಖಾನೆಯ ಬಸ್ಸಿನಲ್ಲಿದ್ದೆ. ಪಕ್ಕದಲ್ಲಿ ಕೂತ ಪಾಕಿಸ್ತಾನಿ ಫೋರ್‌ಮನ್ "ಕ್ಯಾ ಹುವಾ ಭಾಯಿ, ಘರ್ ಮೇ ಸಬ್ ಠೀಕ್?" ಅಂತ ಕೇಳಿದ. ಮುಖ ಹಾಗಾಗಿತ್ತೇನೋ. ನಮ್ಮಪ್ಪನ ಕೆಲಸವನ್ನು ಅಷ್ಟು ದೊಡ್ಡ ಪಂಡಿತರು ತತ್ತ್ವಶಾಸ್ತ್ರ ಎಂದು ವಾದಿಸಿದ್ದರು. ನನ್ನ ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮಿರ್ದಿಫ್‌ನಲ್ಲಿ ಚೆನ್ನಾಗಿಯೇ ಮಾತಾಡಿದೆ. ಮುಗಿದ ಮೇಲೆ ಮೈಸೂರಿನ ಬ್ಯಾಂಕಿನವರೊಬ್ಬರು ಕಾಫಿ ಲೋಟ ಹಿಡಿದು ಹತ್ತಿರ ಬಂದರು.

"ಬಹಳ ಚೆನ್ನಾಗಿತ್ತು ಸಾರ್. ನಿಮ್ಮ ಮನೆತನದಲ್ಲೇ ಇದೆಯಂತಲ್ಲ, ಕೋಲ? ನಮ್ಮ ರಾಜ್ಯೋತ್ಸವಕ್ಕೆ ಒಂದು ಹತ್ತು ನಿಮಿಷ ಮಾಡಿಬಿಡಿ. ಸಿನಿಮಾ ನೋಡಿದ ಮೇಲೆ ಮಕ್ಕಳೆಲ್ಲ ಹುಚ್ಚೆದ್ದಿದಾರೆ. ಕಾಸ್ಟ್ಯೂಮ್ ಬಾಡಿಗೆಗೆ ಸಿಗುತ್ತೆ."

"ನಾನು ಕಲಿತಿಲ್ಲ," ಅಂದೆ.

ಧಣಿಗಳು ಸೋಫಾದಿಂದಲೇ ನಕ್ಕರು. "ಅವನನ್ನು ಕೇಳ್ಬೇಡಿ ಮಾರಾಯ್ರೆ. ಅವನ ಅಪ್ಪನಿಗೆ ಬರ್ತದೆ, ಅವನಿಗೆ ಬರುವುದಿಲ್ಲ. ಅವನು ಓದಿದವ."

ಎಲ್ಲರೂ ನಕ್ಕರು. ಮಾತು ನಿಜವೇ. ಅಪ್ಪ ನನಗೆ ದೈವದ ಕತೆ ಹಾಡುವ ಪಾಡ್ದನ ಹೇಳಿಕೊಡಲಿಲ್ಲ, ಬಣ್ಣ ಮುಟ್ಟಲು ಬಿಡಲಿಲ್ಲ. ಶಾಲೆಯ ಚೀಲ ಕೊಟ್ಟು ಗದ್ದೆಯ ಬದುವಿನವರೆಗೂ ನೂಕಿಕೊಂಡು ಬರುತ್ತಿದ್ದರು. ದೊಡ್ಡಪ್ಪನ ಮಗ ಕಲಿತಿದ್ದ, ಅವನೂ ಬಿಟ್ಟು ಮಂಗಳೂರಿನಲ್ಲಿ ಪೈಂಟಿಂಗ್ ಕೆಲಸಕ್ಕೆ ಸೇರಿದ. ಅಪ್ಪನ ನಂತರ ನಮ್ಮಲ್ಲಿ ಯಾರೂ ಇಲ್ಲ.

ನವೆಂಬರಿನಲ್ಲಿ ತಂಗಿ ಬನಿಯಾಸ್‌ಗೆ ಬರಲು ಹೇಳಿದಳು. ಫೋನಿನಲ್ಲಿ ಹೇಳಲಿಲ್ಲ ಅಂದರೆ ಒಳ್ಳೆಯ ಸುದ್ದಿ ಅಲ್ಲ. ಆಸ್ಪತ್ರೆಯ ಹಿಂದಿನ ಕೆಫೆಟೇರಿಯಾದಲ್ಲಿ ಕರಕ್ ಚಹಾ ತಣ್ಣಗಾಗುವವರೆಗೆ ಅವಳು ಅಪ್ಪನ ಎಕೋ ರಿಪೋರ್ಟ್ ನನಗೆ ವಿವರಿಸಿದಳು. ಹೃದಯ ದೊಡ್ಡದಾಗಿದೆ, ಪಂಪ್ ಮಾಡುವ ಶಕ್ತಿ ಅರ್ಧಕ್ಕೂ ಕಡಿಮೆ.

"ಈ ವರ್ಷ ಅಣಿ ಹೊತ್ತು ಕುಣಿದರೆ ಅಲ್ಲೇ ಬೀಳ್ತಾರೆ ಅಣ್ಣ. ನಾನು ಹೆದರಿಸ್ಲಿಕ್ಕೆ ಹೇಳುದಲ್ಲ. ಉಪವಾಸ ಬೇರೆ. ನಮ್ಮ ವಾರ್ಡಲ್ಲಿ ಇಂಥ ಹೃದಯದವರನ್ನು ನಾವು ಮೆಟ್ಟಿಲು ಹತ್ಲಿಕ್ಕೆ ಬಿಡುದಿಲ್ಲ."

"ಅಪ್ಪ ಎಂತ ಹೇಳಿದ್ರು?"

"ದೈವ ನೋಡಿಕೊಳ್ತದೆ ಅಂತ." ಅವಳು ಲೋಟ ತಳ್ಳಿದಳು. "ದೈವಕ್ಕೆ ಎಕೋ ಓದ್ಲಿಕ್ಕೆ ಬರ್ತದಾ ಕೇಳು. ನೀನು ಎಂ.ಎ. ಅಲ್ವಾ, ಹೇಳಿ ಒಪ್ಪಿಸು."

ಒಪ್ಪಿಸಲು ಸಮಯ ಕಡಿಮೆ ಇತ್ತು. ಕೋಲಕ್ಕೆ ಮೊದಲು ಗುತ್ತಿನ ಮನೆಯಿಂದ ಎಣ್ಣೆ ಬೂಳ್ಯ ಕೊಡುತ್ತಾರೆ: ಮೀಯಲು ಎಣ್ಣೆ, ಜೊತೆಗೆ ವೀಳ್ಯ. ಅದನ್ನು ಕೈಯಲ್ಲಿ ಹಿಡಿದ ಮೇಲೆ ಕಟ್ಟುವವನು ಇಲ್ಲ ಅನ್ನುವ ಹಾಗಿಲ್ಲ. ಜ್ವರ ಬಂದರೂ, ಮನೆಯಲ್ಲಿ ಏನೇ ಆದರೂ, ಕೋಲಕ್ಕೆ ನಿಲ್ಲಬೇಕು. ಒಪ್ಪಿಸುವುದು ಅದಕ್ಕೆ ಮೊದಲೇ ಆಗಬೇಕು.

ಅಪ್ಪನಿಗೆ ಫೋನ್ ಮಾಡಿದೆ. ನಾವು ಮಾತಾಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ರೋಮಿನವರ ಬಗ್ಗೆ ಹೇಳಿದೆ. ಅವರ ಗ್ರಂಥಗಳಲ್ಲಿ ಮೈಮೇಲೆ ಬಂದ ದೇವರೇ ಕೇಳಿಕೊಳ್ಳುವ ಮಾತುಗಳು ಉಂಟು. ಈ ಮನುಷ್ಯನ ಮೈ ಇನ್ನು ತಡೆಯಲಾರದು, ಹೂಮಾಲೆ ತೆಗೆಯಿರಿ, ಕಟ್ಟು ಬಿಚ್ಚಿರಿ, ನನ್ನನ್ನು ಕಳಿಸಿಕೊಡಿ ಎನ್ನುವ ಅರ್ಥದ್ದು. ಕರೆಯುವಷ್ಟೇ ದೊಡ್ಡ ವಿದ್ಯೆ ಬಿಡಿಸುವುದು. ದೇವರಿಗೇ ಅಷ್ಟು ಕರುಣೆ ಇರುವಾಗ ನಮ್ಮ ದೈವಕ್ಕೆ ಇರುವುದಿಲ್ಲವಾ?

ಅಪ್ಪ ಪೂರ್ತಿ ಕೇಳಿದರು. ಹಿಂದಿನಿಂದ ಕೋಳಿಯ ಸದ್ದು ಬರುತ್ತಿತ್ತು.

"ಅವರೂ ಪಾಪ, ನಮ್ಮ ಹಾಗೇ," ಅಂದರು. ಆಮೇಲೆ, "ದೈವಕ್ಕೆ ಕರುಣೆ ಉಂಟು ಮಗಾ. ಬಿಡು ಅಂದರೆ ಬಿಟ್ಟೀತು. ಬಿಟ್ಟ ಮೇಲೆ ನಾನು ಯಾರು ಹೇಳು?"

"ನಮ್ಮ ಅಪ್ಪ."

"ಅದು ನಿನಗೆ. ಆ ಊರಿಗೆ? ವರ್ಷದಲ್ಲಿ ಒಂದು ದಿನ ಧಣಿಗಳು ನನ್ನ ಕಣ್ಣು ನೋಡಿ ಮಾತಾಡ್ತಾರೆ. ಬಾಕಿ ದಿನ ನನ್ನ ಕಾಲು ಎಲ್ಲಿ ನಿಂತಿದೆ ಅಂತ ನೋಡ್ತಾರೆ. ಆ ಒಂದು ದಿನವನ್ನೂ ತೆಗೀಬೇಡ."

ನನ್ನ ಓದು ಅಲ್ಲಿಗೆ ನಿಂತಿತು. ತತ್ತ್ವದ ಮಾತಾಗಿದ್ದರೆ ವಾದಿಸುತ್ತಿದ್ದೆ. ಇದು ತತ್ತ್ವ ಅಲ್ಲ. ಅಪ್ಪನ ಜೀವ ಉಳಿಸಬೇಕಾದರೆ ಅಪ್ಪನಿಗೆ ಇದ್ದ ಒಂದೇ ಮರ್ಯಾದೆಯನ್ನು ಕಿತ್ತುಕೊಳ್ಳಬೇಕು. ಅದನ್ನು ಮಾಡಬಲ್ಲವರು ಮಿರ್ದಿಫ್‌ನಲ್ಲಿದ್ದರು.

ಶುಕ್ರವಾರ ಮಧ್ಯಾಹ್ನ ಹೋದೆ. ವಿಮಾನಗಳು ತಲೆಯ ಮೇಲೆಯೇ ಇಳಿಯುವ ಆ ಬೀದಿಯಲ್ಲಿ ಧಣಿಗಳು ಲುಂಗಿ ಉಟ್ಟು ಕರಿಬೇವಿನ ಗಿಡಕ್ಕೆ ಪೈಪಿನಲ್ಲಿ ನೀರು ಬಿಡುತ್ತಿದ್ದರು. ವಿಷಯ ಹೇಳಿದೆ. ರಿಪೋರ್ಟ್ ತೋರಿಸಿದೆ.

"ಈ ಸಲ ಅಪ್ಪನಿಗೆ ಎಣ್ಣೆ ಬೂಳ್ಯ ಕೊಡಬೇಡಿ. ನೀವು ಕೊಡದಿದ್ದರೆ ಅವರಿಗೆ ನಿಲ್ಲಲಿಕ್ಕಾಗುವುದಿಲ್ಲ."

ಅವರು ಬಹಳ ಹೊತ್ತು ಯೋಚಿಸುತ್ತಾರೆ ಅಂದುಕೊಂಡಿದ್ದೆ. ನನ್ನ ಅಜ್ಜ, ಅವರಪ್ಪ, ಎಲ್ಲರೂ ಕಟ್ಟಿದ ದೈವ. ವಾದಿಸುತ್ತಾರೆ, ಬೈಯುತ್ತಾರೆ, ಕಣ್ಣಲ್ಲಿ ನೀರಾದರೂ ಬರುತ್ತದೆ ಅಂದುಕೊಂಡಿದ್ದೆ. ಅದಕ್ಕೆಲ್ಲ ಉತ್ತರ ತಯಾರು ಮಾಡಿಕೊಂಡು ಹೋಗಿದ್ದೆ.

"ಹೌದಾ? ಛೆ," ಅಂದರು. ನಲ್ಲಿ ನಿಲ್ಲಿಸಿದರು. "ಆಯ್ತು ಮಾರಾಯ, ಅದಕ್ಕೆಂತ. ಆಚೆ ಊರಿನ ಒಬ್ಬ ಒಳ್ಳೇ ಹುಡುಗ ಇದ್ದಾನಂತೆ, ಕುಣಿತ ಭಾರೀ ಲಾಯ್ಕ. ಅವನ ವಿಡಿಯೋ ನೋಡಿದ್ದೀಯಾ? ಅವನಿಗೇ ಹೇಳುವ. ನಿನ್ನ ಅಪ್ಪನ ಸ್ವರವೂ ಈಗ ಮೊದಲಿನ ಹಾಗೆ ಇಲ್ಲ." ಅಲ್ಲಿಯೇ ನಿಂತು ಊರಿಗೆ ಫೋನ್ ಮಾಡಿ ಹೇಳಿದರು. "ಖಲಾಸ್, ಆಯ್ತು. ಊಟ ಮಾಡಿ ಹೋಗು."

ಊಟಕ್ಕೆ ಒಳಗೆ ಕರೆದರು, ಮೇಜಿನ ಎದುರು ಕೂರಿಸಿದರು. ಇಲ್ಲಿ ಜಗಲಿ ಇಲ್ಲ, ಅಂಗಳ ಇಲ್ಲ. ಮೀನಿನ ಗಸಿ ಬಡಿಸಿದರು. ತಿಂದೆ. ನಾನು ಗೆದ್ದಿದ್ದೆ. ಇಷ್ಟು ತಲೆಮಾರು ಮೈ ಕೊಟ್ಟವರನ್ನು ಬಿಡಿಸಲು ಒಂದು ಫೋನ್ ಕರೆ ಸಾಕಾಯಿತು.

ಜನವರಿಯಲ್ಲಿ ಕೋಲ ನಡೆಯಿತು. ಊರಿನ ಹುಡುಗರು ಯೂಟ್ಯೂಬಿಗೆ ಹಾಕಿದ ವಿಡಿಯೋವನ್ನು ಮರುದಿನ ಚಹಾದ ವಿರಾಮದಲ್ಲಿ ಪೈಪ್ ರಾಶಿಯ ಪಕ್ಕ ನಿಂತು ನೋಡಿದೆ. ಆ ಹುಡುಗ ಚೆನ್ನಾಗಿಯೇ ಮಾಡಿದ; ಸುಳ್ಳು ಹೇಳಬಾರದು. ಧಣಿಗಳು ಪಟ್ಟೆ ಶಾಲು ಹೊದ್ದು ಕೈಮುಗಿದು ನಿಂತಿದ್ದರು. ಕೊನೆಯಲ್ಲಿ ದೈವ ಊರಿನ ಮನೆಗಳನ್ನು ಒಂದೊಂದಾಗಿ ಕರೆದು ಅಭಯ ಕೊಡುತ್ತದೆ. ಕ್ಯಾಮೆರಾ ತಿರುಗಿದಾಗ ಅಪ್ಪ ಕಂಡರು. ಬಿಳಿ ಅಂಗಿ, ಚಪ್ಪರದ ಕಂಬದ ಆಚೆ. ಹೆಂಗಸರು ಮಕ್ಕಳ ನಡುವೆ ನಿಂತು ಕತ್ತು ಚಾಚಿ ನೋಡುತ್ತಿದ್ದರು. ದೈವ ನಮ್ಮ ಮನೆಯನ್ನು ಕರೆಯಲಿಲ್ಲ. ಕರೆಯುವ ಪದ್ಧತಿಯೇ ಇಲ್ಲ. ಆ ಸಾಲಿನಲ್ಲಿ ನಾವು ಯಾವತ್ತೂ ಇರಲಿಲ್ಲ, ಯಾಕೆಂದರೆ ಕರೆಯುವ ಬಾಯಿಯೇ ನಮ್ಮದಾಗಿತ್ತು.

ಫೋರ್‌ಮನ್ "ಯಲ್ಲಾ, ಯಲ್ಲಾ" ಅಂತ ಕೆಲಸಕ್ಕೆ ಕೂಗಿದ. ಹೋಗಿ ಮುಂದಿನ ಪೈಪನ್ನು ಒತ್ತಡಕ್ಕೆ ಇಟ್ಟೆ.

ತಂಗಿಗೆ ಸಮಾಧಾನ. "ಬಿಪಿ ಚೆನ್ನಾಗಿದೆ, ಕಾಲಿನ ಬಾವು ಇಳಿದಿದೆ. ಬದುಕಿದ್ದಾರಲ್ಲ ಅಣ್ಣ," ಅನ್ನುತ್ತಾಳೆ. ಅವಳು ದಿನಾ ಸಾಯುವವರನ್ನು ನೋಡುವವಳು, ಅವಳ ಮಾತಿಗೆ ತೂಕ ಉಂಟು. ಮಾಡಿದ್ದು ತಪ್ಪು ಅಂತ ನಾನೂ ಹೇಳುವುದಿಲ್ಲ. ಇನ್ನೊಂದು ಸಲ ಬಂದರೂ ಅದನ್ನೇ ಮಾಡುತ್ತೇನೆ.

ಆಮೇಲೆ ನಾನು ಆ ರೋಮಿನವರ ಪುಸ್ತಕಗಳಲ್ಲಿ ಒಂದು ವಿಷಯ ಹುಡುಕಿದೆ. ತತ್ತ್ವಜ್ಞಾನಿಗಳ ಹೆಸರು ಉಂಟು, ಅವರ ಜಗಳ ಉಂಟು, ಅವರ ಶಾಲೆ ಮುಚ್ಚಿಸಿದಾಗ ಕೆಲವರು ಪರ್ಷಿಯಾಕ್ಕೆ ಹೋದ ಕತೆ ಉಂಟು. ಮೈಗೆ ದೇವರನ್ನು ಬರಿಸಿಕೊಳ್ಳುತ್ತಿದ್ದವರ ಹೆಸರು ಹೆಚ್ಚಾಗಿ ಇಲ್ಲ. ಎಂಥ ಉಡುಪು, ಎಂಥ ಮಾಲೆ, ಹೇಗೆ ಬಿಡಿಸಬೇಕು ಎಲ್ಲ ಬರೆದಿದ್ದಾರೆ. ಬಿಡಿಸಿದ ಮರುದಿನ ಆ ಮನುಷ್ಯ ಎಲ್ಲಿ ಕೂತ, ಏನು ತಿಂದ, ದೇವಸ್ಥಾನಕ್ಕೆ ಬೀಗ ಬಿದ್ದ ಮೇಲೆ ಹೇಗೆ ಕಾಲ ಕಳೆದ, ಅದು ನಾನು ಓದಿದ್ದರಲ್ಲಿ ಎಲ್ಲೂ ಸಿಗಲಿಲ್ಲ. ಬರೆದವರು ಓದಿದವರು. ಅವರಿಗೆ ಅದು ಬೇಕಿರಲಿಲ್ಲ.

ಅಪ್ಪನಿಗೆ ಈಗ ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. ಮೊದಲು ಅವರೇ ಮಾತಾಡುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ಈಗ ನಾನು ಮಾತಾಡುತ್ತೇನೆ, ಅವರು ಹೂಂ ಅನ್ನುತ್ತಾರೆ. ಕಳೆದ ವಾರ, ಮಾತ್ರೆ ತಗೊಂಡ್ರಾ, ನಡೀಲಿಕ್ಕೆ ಹೋದ್ರಾ ಎಂದೆಲ್ಲ ಕೇಳಿ ಮುಗಿಸಿ, ಹೇಗಿದ್ದೀರಿ ಅಂತ ಕೇಳಿದೆ.

"ಮೈ ಹಗುರ ಉಂಟು," ಅಂದರು. ಆಮೇಲೆ, "ಇಷ್ಟು ಹಗುರದ ಮೈ ಇಟ್ಟುಕೊಂಡು ಎಂತ ಮಾಡುದು ಅಂತ ಗೊತ್ತಾಗುದಿಲ್ಲ."

ಊಟ ಆಯ್ತಾ ಅಂತ ಕೇಳಿದೆ. ಹೂಂ ಅಂದರು.