ಹಜೀರಾದ ಇಬ್ಬರು ಡಿಫೆಂಡರುಗಳು

ಮೇ ತಿಂಗಳ ಉರಿಬಿಸಿಲು. ಸೂರತ್ತಿನಾಚೆ ಸಮುದ್ರದ ಕಡೆಗಿರುವ ಹಜೀರಾದ ಕಂಪನಿ ಕಾಲನಿಗೆ ನಾವು ಬಂದಿಳಿದು ಇನ್ನೂ ಸಾಮಾನು ಬಿಚ್ಚಿರಲಿಲ್ಲ. ಗ್ಯಾಸ್ ಪ್ಲಾಂಟಿನ ವಾಸನೆಗೆ ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಬಂದರೆ, ಎದುರಿನ ಸಿಮೆಂಟಿನ ಸ್ಕೇಟಿಂಗ್ ರಿಂಕಿನಲ್ಲಿ ಆರಡಿ ಮೀರಿದ ಬಿಳಿಯ ಮನುಷ್ಯನೊಬ್ಬ! ತಲೆಗೆ ಹೆಲ್ಮೆಟ್ಟು, ಕೈಗೆ ದಿಂಬಿನಂಥ ಗವಸು, ಕಾಲಿಗೆ ಹಾಸಿಗೆ ಸುತ್ತಿದಂಥ ಪ್ಯಾಡು. ಚಕ್ರದ ಬೂಟು ತೊಟ್ಟು ಹಿಂದಕ್ಕೆ ಹಿಂದಕ್ಕೆ ಉರುಳುತ್ತಾ, ಕರಿ ರಬ್ಬರಿನ ಬಿಲ್ಲೆಯೊಂದನ್ನು ಕೋಲಿನಿಂದ ಗೋಡೆಗೆ ಬಾರಿಸುತ್ತಿದ್ದ. ಕಾಗೆಯೂ ನೆರಳು ಬಿಟ್ಟು ಬರದ ಹೊತ್ತು ಅದು. ಇಲ್ಲಿ ಯಾರಿಗೋ ತಲೆ ಕೆಟ್ಟಿದೆ. ಅವನಿಗೋ, ಗಂಟುಮೂಟೆ ಕಟ್ಟಿಕೊಂಡು ಇಂಥ ಊರಿಗೆ ಬಂದ ನನಗೋ ಎಂದುಕೊಂಡೆ.

ನಾನು ಗದಗ-ಬೆಟಗೇರಿಯವಳು. ನಮ್ಮ ಓಣಿಯಲ್ಲಿ ಹಾಕಿ ಸ್ಟಿಕ್ಕು ಇಲ್ಲದ ಮನೆ ಕಡಿಮೆ. ವಿಶ್ವವಿದ್ಯಾಲಯದ ತಂಡದಲ್ಲಿ ಫುಲ್‌ಬ್ಯಾಕ್ ಆಗಿದ್ದೆ, ಅಂದರೆ ಗೋಲ್‌ಕೀಪರಿನ ಮುಂದೆ ನಿಂತು ಬಂದದ್ದನ್ನೆಲ್ಲ ತಡೆಯುವವಳು. ಆಮೇಲೆ ಬಿ.ಪಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾದೆ. ಮಗ ಹಾಸ್ಟೆಲು ಸೇರಿದ ವರ್ಷವೇ ನಮ್ಮವರಿಗೆ ಹಜೀರಾದ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ನನ್ನ ನೌಕರಿಯ ಮಾತನ್ನು ತವರಿನವರೂ ಎತ್ತಲಿಲ್ಲ, ಅತ್ತೆ ಮನೆಯವರೂ ಎತ್ತಲಿಲ್ಲ. “ಏಸಿ ಕ್ವಾರ್ಟರ್ಸಂತ, ನೀ ಪುಣ್ಯಾ ಮಾಡೀದಿ ಬಿಡವಾ” ಅಂದರು. ರಾಜೀನಾಮೆ ಕೊಟ್ಟ ದಿನ ನನಗೊಂದು ಚಹಾ ಪಾರ್ಟಿಯೂ ಇರಲಿಲ್ಲ. ಆ ಸಿಟ್ಟು ಇವತ್ತಿಗೂ ಆರಿಲ್ಲ, ಆರುವುದು ನನಗೂ ಬೇಕಿಲ್ಲ.

ಅಲ್ಲಿ ಸಾರಿಗೆ ಖಾರ, ಇಲ್ಲಿ ದಾಲಿಗೆ ಬೆಲ್ಲ. ಅಲ್ಲಿ ಗಿರಣಿ, ಇಲ್ಲಿ ‘ಘಂಟಿ’. ಆ ಘಂಟಿಯವನಿಗೆ ಜೋಳವನ್ನು ಸಣ್ಣಗೆ ಬೀಸಿಕೊಡು ಎಂದು ಕೈಸನ್ನೆ ಮಾಡಿಯೇ ಹೇಳಿದ್ದೆ. ಮೊದಲ ಸಲ ರೊಟ್ಟಿ ಬಡಿದಾಗ ಕೆಳಗಿನ ಮನೆಯವಳು ಓಡಿ ಬಂದು, “ಭಾಭೀ, ಊಪರ್ ಕ್ಯಾ ತೋಡ್ ರಹೇ ಹೋ?” ಎಂದಳು. ಏನನ್ನು ಒಡೆಯುತ್ತಿದ್ದೀರಿ ಅಂತ! ಬಿಸಿ ರೊಟ್ಟಿಯೊಂದನ್ನು ಕೈಗಿಟ್ಟೆ. ಒಳ್ಳೆಯವಳು, ಸಕ್ಕರೆ ಹಚ್ಚಿಕೊಂಡು ತಿಂದಳು. ಆದರೆ ಇಡೀ ಕಾಲನಿಗೆ ನಾನು ಭಾಭಿ, ಅಣ್ಣನ ಹೆಂಡತಿ. ಹೆಸರು ಕೇಳಿದವರು ಯಾರೂ ಇರಲಿಲ್ಲ.

ಹೆಸರು ಕೇಳಿದವನು ಆ ಬಿಸಿಲಿನ ಮನುಷ್ಯ, ಲಾರ್ಸ್. ಸ್ವೀಡನ್ನಿನವನು. ಅವನ ಹೆಂಡತಿ ಇಲ್ಲಿಯ ಭಾರೀ ಯಂತ್ರಗಳ ಕಾರ್ಖಾನೆಗೆ ಗುತ್ತಿಗೆಯ ಮೇಲೆ ಬಂದ ವೆಲ್ಡಿಂಗ್ ಇಂಜಿನಿಯರು. ಇವನು ಮನೆಯಲ್ಲಿ ಅಡುಗೆ ಮಾಡಿ ಬಟ್ಟೆ ಒಣಹಾಕುತ್ತಿದ್ದ. ಕಾಲನಿಯ ಗಂಡಸರು “ಮೇಡಂ ಕಾ ಹಸ್ಬೆಂಡ್” ಎಂದು ಕಿಸಕ್ಕನೆ ನಗುತ್ತಿದ್ದರು. ಅವನೋ ಐಸ್ ಹಾಕಿಯಲ್ಲಿ ಹೊಟ್ಟೆ ಹೊರೆದುಕೊಂಡ ಡಿಫೆಂಡರ್. ಕಾಗದದ ಕಾರ್ಖಾನೆಯೊಂದನ್ನು ಬಿಟ್ಟರೆ ಬೇರೇನೂ ಇಲ್ಲದ ಉತ್ತರದ ಊರು, ಮೀಸೆ ಮೂಡುವ ಮುಂಚೆ ಮನೆ ಬಿಟ್ಟವನು. ಅಮೆರಿಕದಲ್ಲಿ ಬಸ್ಸಿನಲ್ಲೇ ಮಲಗಿ ಊರೂರು ತಿರುಗುವ ಸಣ್ಣ ಲೀಗು, ಮತ್ತೆ ಸ್ವೀಡನ್ನಿನ ದೊಡ್ಡ ತಂಡ, ಆಮೇಲೆ ಜರ್ಮನಿ, ಕೊನೆಗೆ ಮೊಣಕಾಲಿನ ಆಪರೇಷನ್. ಗೋಲು ಹೊಡೆದದ್ದು ಬೆರಳೆಣಿಕೆಯಷ್ಟು. ಮೈಯೊಡ್ಡಿ ತಡೆದದ್ದಕ್ಕೆ ಲೆಕ್ಕವಿಟ್ಟವರಿಲ್ಲ. ಗೋಲು ಹೊಡೆದವರ ಹೆಸರು ಪೇಪರಿನಲ್ಲಿ ಬರುತ್ತದೆ, ನಮ್ಮದು ಎಕ್ಸ್‌ರೇಯಲ್ಲಿ ಬರುತ್ತದೆ ಎಂದು ಇಬ್ಬರೂ ನಕ್ಕಿದ್ದೆವು.

ಒಮ್ಮೆ ಕಾಲನಿಯ ಮಕ್ಕಳನ್ನೆಲ್ಲ ಅಹಮದಾಬಾದಿನ ಮಾಲ್ ಒಂದಕ್ಕೆ ಕರೆದೊಯ್ದೆವು. ಅಲ್ಲಿ ಅಂಗೈಯಗಲದ ಐಸ್ ರಿಂಕ್ ಇತ್ತು. ಲಾರ್ಸ್ ಅದರ ಮೇಲೆ ಕಾಲಿಟ್ಟದ್ದೇ ಬೇರೆಯೇ ಪ್ರಾಣಿಯಾದ. ಆ ಭಾರದ ದೇಹ ನೀರಿನ ಹಾಗೆ ಹರಿಯಿತು. ಕಾವಲುಗಾರ “ಸ್ಲೋ, ಸ್ಲೋ!” ಎಂದು ಸೀಟಿ ಊದುತ್ತಾ ಹಿಂದೆ ಬಿದ್ದ, ಸುತ್ತಲಿದ್ದವರು ಮೊಬೈಲು ಹಿಡಿದರು. ಈ ಮನುಷ್ಯನನ್ನು ನೋಡಿ ಬಟ್ಟೆ ಒಣಹಾಕುವವನೆಂದು ನಗುತ್ತಾರಲ್ಲ ಎಂದು ನನಗೆ ಮೈ ಉರಿಯಿತು. ಅವನಿಗೆ ಮಾತ್ರ ಅದರ ಗೊಡವೆಯೇ ಇರಲಿಲ್ಲ.

ಅಷ್ಟರಲ್ಲಿ ನಾನೂ ಬಿದ್ದು ಎದ್ದು ಸ್ಕೇಟಿಂಗ್ ಕಲಿತಿದ್ದೆ. ಬೆಳಗಾದರೆ ಕಾಲನಿಯ ಮಕ್ಕಳಿಗೆ ರೋಲರ್ ಹಾಕಿಯ ತಾಲೀಮು. ಚಕ್ರದ ಮೇಲೆ ಹಿಂದಕ್ಕೆ ಹೋಗುವ ಚಳಕ ಅವನದು. ಓಡಿಸುವುದು, ಗದರುವುದು, ಅಂಜುವವರ ಕೈ ಹಿಡಿಯುವುದು ನನ್ನದು. ಅವನಿಗೆ ಹಿಂದಿ ಬಾರದು, ಮೊಣಕಾಲು ಹೆಚ್ಚು ಹೊತ್ತು ತಾಳದು. ಜಗಳ ಶುರುವಾದದ್ದು ಬೆಂಚಿನಿಂದ. ಐಸ್ ಹಾಕಿಯಲ್ಲಿ ಯಾರೂ ಒಂದೇ ಸಮನೆ ಆಡುವುದಿಲ್ಲ. ನಿಮಿಷದೊಳಗೆ ಜೀವ ಬಿಟ್ಟು ಆಡಿ, ಹೊರಗೆ ಬಂದು ಬೆಂಚಿನ ಮೇಲೆ ಕೂರಬೇಕು, ಇನ್ನೊಬ್ಬ ಒಳಗೆ ಜಿಗಿಯಬೇಕು. ಲಾರ್ಸ್ ಇಲ್ಲಿಯೂ ಹಾಗೇ ಆಡಿಸಿದ. ತಾಯಂದಿರು ಮುತ್ತಿಗೆ ಹಾಕಿದರು: ನನ್ನ ಮಗಳೇನು ತಪ್ಪು ಮಾಡಿದಳು, ಯಾಕೆ ಹೊರಗೆ ಕೂರಿಸಿದಿರಿ? ಕೂರುವುದೂ ಆಟದ ಒಂದು ಭಾಗ, ಅವಮಾನವಲ್ಲ ಎಂದು ಮನೆಮನೆಗೆ ಹೋಗಿ ತಿಳಿಹೇಳಿದವಳು ನಾನೇ.

ವಡೋದರಾ ಹತ್ತಿರದ ಕೊಯಾಲಿಯ ಟೌನ್‌ಶಿಪ್ಪಿನಲ್ಲಿ ಹುಡುಗಿಯರ ಪಂದ್ಯಾವಳಿ ಎಂದು ಗೊತ್ತಾದಾಗ ಕಾಲನಿಯ ಕಮಿಟಿ ಸೇರಿತು. ನನ್ನನ್ನೇ ಕೋಚ್ ಮಾಡುತ್ತಾರೆಂದು ಇಸ್ತ್ರಿ ಸೀರೆ ಉಟ್ಟು ಹೋಗಿದ್ದೆ. ಕಾರ್ಯದರ್ಶಿ ಜಿಗ್ನೇಶ್‌ಭಾಯ್ ಎದ್ದು, “ಕೋಚ್ ತೋ ಲಾರ್ಸ್‌ಭಾಯ್ ಜ ನೇ!” ಎಂದ. ಮತ್ತಾರು, ಲಾರ್ಸೇ ತಾನೇ, ಎಂಬ ಧಾಟಿ. ನನ್ನ ಕಡೆ ತಿರುಗಿ, “ಭಾಭೀ, ಆಪ್ ಲೇಡೀ ಇನ್‌ಚಾರ್ಜ್. ಪಾನೀ, ನಾಸ್ತಾ, ಬಚ್ಚಿಯೋಂ ಕೇ ಕಪಡೇ. ನೋ ಟೆನ್ಶನ್!” ಎಂದು ನೀರು, ತಿಂಡಿ, ಹುಡುಗಿಯರ ಬಟ್ಟೆಯ ಉಸ್ತುವಾರಿ ನನಗೆ ಒಪ್ಪಿಸಿ ಚಪ್ಪಾಳೆ ತಟ್ಟಿಸಿದ. ನಮ್ಮವರೂ ಚಪ್ಪಾಳೆ ತಟ್ಟಿದರು.

ಗುಜರಾತಿ ತಿಳಿಯದೆ ಮುಗುಳ್ನಗುತ್ತಿದ್ದ ಲಾರ್ಸ್‌ಗೆ ಹೊರಗೆ ಬಂದು ಎಲ್ಲ ಹೇಳಿದೆ. ಅವನು ಸಮಾಧಾನವಾಗಿ, “ಶಶಿ, ಈಗ ಬೆಂಚಿನ ಮೇಲೆ ಕೂತಿದ್ದೀಯ ಎಂದುಕೋ. ನಿನ್ನ ಸರದಿ ಬರುತ್ತದೆ” ಎಂದ.

ನನಗೆ ಎಲ್ಲಿತ್ತೋ ಸಿಟ್ಟು. “ನೀನು ಅರ್ಧ ಆಯುಸ್ಸು ಆಡಿ ಬಂದು ಕೂತವನು, ಅದಕ್ಕೇ ನಿನಗೆ ಬೆಂಚು ಮೆತ್ತಗಿದೆ. ನನ್ನನ್ನು ನೌಕರಿ ಬಿಟ್ಟಂದಿನಿಂದ ಕೂರಿಸಿದ್ದಾರೆ. ಒಳಗೆ ಕರೆಯಬೇಕೆಂದು ಯಾರಿಗೂ ನೆನಪೇ ಇಲ್ಲ. ಕೂರುವ ಪಾಠ ನನಗೆ ಹೇಳಬೇಡ!” ಎಂದು ರಸ್ತೆಯಲ್ಲೇ ಕೂಗಾಡಿದೆ. ಅವನ ಮುಖ ಕೆಂಪಗಾಯಿತು.

ಮರುವಾರವೇ ಬಸ್ಸು ಹತ್ತಿ ಸೂರತ್ತಿನ ಶಾಲೆಗಳ ಬಾಗಿಲು ಬಡಿದೆ. ಉಧ್ನಾದ ಒಂದು ಸಣ್ಣ ಶಾಲೆ ನನ್ನನ್ನು ಪಿ.ಟಿ. ಟೀಚರಾಗಿ ತೆಗೆದುಕೊಂಡಿತು. ಸುತ್ತ ಮಗ್ಗಗಳ ಸದ್ದು, ಮಾತಾಡಬೇಕಾದರೆ ಕೂಗಬೇಕು. ಒಡಿಶಾ, ಬಿಹಾರ, ಖಾನ್‌ದೇಶಗಳಿಂದ ಬಂದ ಮಗ್ಗದವರ ಹೆಣ್ಣುಮಕ್ಕಳು. ಗೂಡಂಗಡಿಯಷ್ಟು ಅಂಗಳ, ಯಾರೋ ದಾನ ಕೊಟ್ಟ ಹಳೆಯ ಸ್ಕೇಟು. ಇಲ್ಲಿ ಹೆಂಗಸರ ಹೆಸರಿಗೆ ‘ಬೆನ್’ ಎಂದು ಸೇರಿಸಿ ಕರೆಯುತ್ತಾರೆ, ಅಕ್ಕ ಎಂದ ಹಾಗೆ. ನಾನು ಶಶಿಬೆನ್ ಆದೆ. ಹಿಂದಿಯಲ್ಲಿ ಕಲಿಸುತ್ತಿದ್ದೆ, ತಲೆ ಕೆಟ್ಟರೆ ಬೆಟಗೇರಿ ಭಾಷೆಯಲ್ಲಿ ಬೈಯುತ್ತಿದ್ದೆ. ಅವರಿಗೆ ಎರಡೂ ಅರ್ಥವಾಗುತ್ತಿತ್ತು.

ಮರುವರ್ಷ ಅವರನ್ನು ಕೊಯಾಲಿಗೆ ಕರೆದೊಯ್ದೆ. ಎದುರಾಳಿ ನಮ್ಮದೇ ಹಜೀರಾ ಕಾಲನಿ. ಒಂದೇ ಗೋಲಿನಿಂದ ಸೋತೆವು. ಆದರೆ ಕೊನೆಗಳಿಗೆಯಲ್ಲಿ ನನ್ನ ಪಿಂಕಿ ಎಂಬ ಹುಡುಗಿ ಎರಡೂ ಮೊಣಕಾಲೂರಿ ಬಿಲ್ಲೆಗೆ ಮೈಯೊಡ್ಡಿದಳು ನೋಡಿ, ಆಚೆ ಬದಿ ಲಾರ್ಸ್ ಎದ್ದು ನಿಂತು ತನ್ನ ಕೋಲನ್ನು ನೆಲಕ್ಕೆ ಟಕಟಕ ಬಡಿದ. ಅವರ ಆಟದಲ್ಲಿ ಮೆಚ್ಚುಗೆ ತೋರಿಸುವುದು ಹಾಗೆ. ಎದುರಾಳಿಗಾಗಿ ಯಾಕೆ ಕೋಲು ಬಡಿಯುತ್ತಾನೆ ಎಂದು ಜಿಗ್ನೇಶ್‌ಭಾಯ್ ಕಣ್ಣು ಕೆಂಪಗೆ ಮಾಡಿದ. ನನಗೆ ಸಂತೋಷವಾಯಿತು. ಈ ಒಂದು ಸದ್ದಿಗಾಗಿ ಇಷ್ಟು ವರ್ಷ ಕಾಯಬೇಕಾಯಿತಲ್ಲ ಎಂದು ಸಿಟ್ಟೂ ಬಂತು.

ಮನೆಗೆ ಬಂದರೆ ನಮ್ಮವರು ಪೇಡೆಯ ಡಬ್ಬಿ ಹಿಡಿದು ಕೂತಿದ್ದರು. “ಊರಿಗೆ ಹೋಗೂದು ಬಂತು ನೋಡ ಶಶಿ! ಹುಬ್ಬಳ್ಳ್ಯಾಗ ಕೆಲಸ ಸಿಕ್ಕೇತಿ. ಮನ್ಯಾಗ ಎಲ್ಲಾರಿಗೂ ಫೋನ್ ಮಾಡಿ ಹೇಳೇನಿ.”

“ನನ್ನ ಒಂದ್ ಮಾತ್ ಕೇಳಬೇಕಾಗಿತ್ತಲ್ರಿ.”

“ಅದರಾಗ ಕೇಳೂದೇನೈತಿ? ಬರೂ ಮುಂದ ಏನ್ ಕೇಳಿದ್ನೇನು?” ಎಂದರು. ಕೊಂಕಲ್ಲ, ನಿಜವಾಗಿಯೂ ಅರ್ಥವಾಗದೆ ಹೇಳಿದ ಮಾತು.

“ಅದಕ್ಕ ಈ ಸಲ ನಾ ಬರೂದಿಲ್ರಿ. ಇಲ್ಲೆ ಇರ್ತೇನಿ.”

ಅವರು ನಕ್ಕರು. ಆಮೇಲೆ ನಗಲಿಲ್ಲ. ಕ್ವಾರ್ಟರ್ಸು ಖಾಲಿ ಮಾಡಿ ಅವರು ಹುಬ್ಬಳ್ಳಿಗೆ ಹೋದರು, ನಾನು ಉಧ್ನಾದಲ್ಲಿ ಬಾಡಿಗೆ ಕೋಣೆ ಹುಡುಕಿದೆ. ಹೋದಲ್ಲೆಲ್ಲ “ಮಿಸ್ಟರ್ ಕಹಾಂ ಹೈ?” ಗಂಡನೆಲ್ಲಿ ಎಂಬ ಪ್ರಶ್ನೆ. ಗಂಡನ ಕೆಲಸಕ್ಕೆ ಹೆಂಡತಿ ಊರು ಬಿಟ್ಟರೆ ಯಾರೂ ಕಾರಣ ಕೇಳುವುದಿಲ್ಲ. ತನ್ನ ಕೆಲಸಕ್ಕೆ ಅವಳು ನಿಂತ ಜಾಗದಲ್ಲೇ ನಿಂತರೆ ಎರಡು ರಾಜ್ಯದವರಿಗೂ ಉತ್ತರ ಕೊಡಬೇಕು.

ದೀಪಾವಳಿಗೆ ಊರಿಗೆ ಹೋಗಿದ್ದೆ. ಗದಗಿನ ಸಂತೆಯಲ್ಲಿ ಕಾಯಿಪಲ್ಯದವಳು “ಏನ್ ಬೇಕ ಯಕ್ಕಾ?” ಅಂದದ್ದಕ್ಕೇ ಕಣ್ಣು ತುಂಬಿದವು. ಹಳೆಯ ಶಾಲೆಗೆ ಹೋದರೆ ಜವಾನ, “ಇಂಜಿನಿಯರ್ ಸಾಹೇಬ್ರ ಮನ್ಯಾವ್ರು ಬಂದಾರ್ರಿ” ಎಂದು ಒಳಗೆ ಕೂಗಿ ಹೇಳಿದ. ಹೊರಡುವಾಗ ಅವ್ವ ಕೈ ಹಿಡಿದು, “ಹೊಳ್ಳಿ ಯಾವಾಗ ಬರ್ತೀಯವಾ?” ಎಂದಳು. ರೈಲಿಗೆ ಹೊತ್ತಾಯಿತೆಂದು ಚೀಲ ಎತ್ತಿಕೊಂಡೆ.

ಉಧ್ನಾದ ಶಾಲೆಯ ಗೇಟಿನಲ್ಲಿ ಪಿಂಕಿ ಮತ್ತು ಅವಳ ಗೆಳತಿಯರು ಕಾಯುತ್ತಿದ್ದರು. “ಶಶಿಬೆನ್, ಅಬ್ ವಾಪಸ್ ತೋ ನಹೀಂ ಜಾಓಗೇ ನಾ?” ಎಂದರು. ಇನ್ನು ತಿರುಗಿ ಹೋಗುವುದಿಲ್ಲ ಅಲ್ಲವಾ ಎಂದು.

“ನಹೀಂ” ಅಂದೆ. ಅವ್ವನ ಮುಖ ನೋಡಿ ಆಡಲಾಗದ ಮಾತು ಇಲ್ಲಿ ಎಷ್ಟು ಸಲೀಸಾಗಿ ಬಂದುಬಿಟ್ಟಿತು ಎಂದು ಸಂಕಟವಾಯಿತು.